ಎರಡು ವಾರದ ವಾತ್ಸಲ್ಯ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮಕ್ಕಳು ಈಗ ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿದವರ ಮನೆಗಳಲ್ಲಿಯೂ ನಮ್ಮ ಬೆಂಗಳೂರಿನ ಅನುಕೂಲಸ್ಥರ ಮನೆಗಳಲ್ಲಿಯೂ ಒಂದು ಹೊಸ ಪದ್ಧತಿ ಬೇರೂರುತ್ತಿರುವುದನ್ನು ಅವರ ಪತ್ರಗಳಿಂದ ಅರಿತಿದ್ದೇನೆ. ರಜೆಯಲ್ಲಿ ಮಗನನ್ನೋ ಮಗಳನ್ನೋ ಎರಡು ಮೂರು ವಾರಗಳ ಮಟ್ಟಿಗೆ ಕಾಂಬೋಡಿಯಕ್ಕೋ ನೇಪಾಳಕ್ಕೋ ಕೆನ್ಯಾಕ್ಕೋ ಕಳುಹಿಸುವುದು. ಅಲ್ಲಿಯ ಅನಾಥಾಲಯವೊಂದರಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು, ಉಣಿಸುವುದು, ಆಡಿಸುವುದು. ಹಿಂದಿರುಗಿದ ಮೇಲೆ ಆ ಅನುಭವವನ್ನು ಕಾಲೇಜಿನ ಅರ್ಜಿಯಲ್ಲಿ ಬರೆಯುವುದು. ಇದಕ್ಕೆಂದೇ ಏಜೆನ್ಸಿಗಳಿವೆ, ಶುಲ್ಕದ ಪಟ್ಟಿಗಳಿವೆ, ಕೆಲಸದ ನಡುವೆ ಪ್ರೇಕ್ಷಣೀಯ ಸ್ಥಳಗಳ ಭೇಟಿಯೂ ಇದೆ. "ಮೇಷ್ಟ್ರೇ, ಮಗಳು ಹೊರಟಿದ್ದಾಳೆ, ಆಶೀರ್ವಾದ ಮಾಡಿ" ಎಂದು ಬರೆಯುವವರೂ ಇದ್ದಾರೆ.

ಮಗಳಿಗೆ ನನ್ನ ಆಶೀರ್ವಾದ ಸದಾ ಇದೆ. ಆ ಯಾತ್ರೆಗೆ ಇಲ್ಲ. ಹೀಗೆಂದರೆ ಕೆಲವರಿಗೆ ನೋವಾಗಬಹುದು. ಆದರೂ ಮಕ್ಕಳ ನಡುವೆಯೇ ಆಯುಷ್ಯ ಸವೆಸಿದವನು ಈ ವಿಷಯದಲ್ಲಿ ಮುಖದಾಕ್ಷಿಣ್ಯಕ್ಕೆ ಸುಮ್ಮನಿರುವುದು ಸಾಧ್ಯವಿಲ್ಲ. ತರಬೇತಿಯಿಲ್ಲದ, ಭಾಷೆಯರಿಯದ, ನಾಳೆ ಹೊರಟುಹೋಗುವ ಪರದೇಶಿಯ ಕೈಗೆ ಎಳೆಯ ಮಕ್ಕಳನ್ನು ಕೊಡುವುದು ಸೇವೆಯಲ್ಲ. ಅದು ಆ ಮಕ್ಕಳ ಮೇಲೆ ನಡೆಯುವ ಪ್ರಯೋಗ. ಎಷ್ಟೋ ಕಡೆ ಅದು ವ್ಯಾಪಾರವೂ ಆಗಿದೆ.

ಮೊದಲು ಬೋಧನೆಯ ಮಾತು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ ಒಂದನೆಯ ತರಗತಿಗೆ ಕಲಿಸುವವರಿಗೂ ತರಬೇತಿಯ ಅರ್ಹತೆ ಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ತಮ್ಮ ಮೂರು ವರ್ಷದ ಮಗುವನ್ನು ಬಿಡುವ ಶಿಶುವಿಹಾರದಲ್ಲಿ ಸಿಬ್ಬಂದಿಯ ಹಿನ್ನೆಲೆಯನ್ನು ಪರಿಶೀಲಿಸಿದ್ದಾರೆಯೇ ಎಂದು ಕೇಳದೆ ಬಿಡುವವರಲ್ಲ. ಆ ಶಿಶುವಿಹಾರಕ್ಕೆ ನಾಳೆ ಕಾಂಬೋಡಿಯದ ಹದಿನೇಳು ವರ್ಷದ ಹುಡುಗನೊಬ್ಬ ಬಂದು, "ನನಗೆ ನಿಮ್ಮ ಭಾಷೆ ಬಾರದು, ಪಾಠ ಹೇಳಿ ಅಭ್ಯಾಸವಿಲ್ಲ, ಎರಡು ವಾರ ಇರುತ್ತೇನೆ, ಮಕ್ಕಳೆಂದರೆ ನನಗೆ ಪ್ರಾಣ" ಎಂದರೆ ಅವನನ್ನು ಒಳಗೆ ಬಿಡುತ್ತಾರೆಯೇ? ನಮ್ಮ ಮಕ್ಕಳಿಗೆ ಸಲ್ಲದ ಗುರು ಬಡವರ ಮಕ್ಕಳಿಗೆ ಸಲ್ಲುವುದು ಯಾವ ನ್ಯಾಯದಿಂದ? ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಗಾದೆ ಹಸುವಿಗೆ ಒಪ್ಪುತ್ತದೆ, ಮೇಷ್ಟ್ರಿಗೆ ಒಪ್ಪುವುದಿಲ್ಲ.

ಚಿಕ್ಕ ಮಕ್ಕಳಿಗೆ ಕಲಿಸುವುದು ಸುಲಭವೆಂಬ ಭ್ರಮೆ ಬಹಳ ಹಳೆಯದು. ದೊಡ್ಡ ತರಗತಿಯ ಹುಡುಗ ಪಾಠ ತಪ್ಪಾಗಿದ್ದರೆ ಪುಸ್ತಕ ನೋಡಿ ತಿದ್ದಿಕೊಳ್ಳುತ್ತಾನೆ. ಐದು ವರ್ಷದ ಮಗುವಿಗೆ ಪುಸ್ತಕವೂ ಗುರುವೇ, ಭಾಷೆಯೂ ಗುರುವೇ. ಮಗು ಏಕೆ ಮೌನವಾಗಿದೆ, ಅದಕ್ಕೆ ಹಸಿವೋ, ಜ್ವರವೋ, ಅಕ್ಷರ ಹಿಡಿಯಲಿಲ್ಲವೋ ಎಂದು ತಿಳಿಯಬೇಕಾದರೆ ಅದರ ಮಾತು ತಿಳಿದಿರಬೇಕು. ಖ್ಮೇರ್ ಭಾಷೆಯ ಒಂದು ವಾಕ್ಯವನ್ನೂ ಅರಿಯದವರು ಅಲ್ಲಿಯ ಮಗುವಿಗೆ ಏನು ಕಲಿಸಬಲ್ಲರು? ಇಂಗ್ಲಿಷ್ ವರ್ಣಮಾಲೆ, ಬಣ್ಣಗಳ ಹೆಸರು, ಒಂದೆರಡು ಹಾಡು. ಅವರು ಹೋದ ಮೇಲೆ ಬರುವವರು ಮಕ್ಕಳು ಎಲ್ಲಿಯವರೆಗೆ ಕಲಿತಿದ್ದಾರೆಂದು ತಿಳಿಯದೆ ಮತ್ತೆ ಅದೇ ವರ್ಣಮಾಲೆಯಿಂದ ತೊಡಗುತ್ತಾರೆ.

ಹೊರನಾಡಿನಿಂದ ಬಂದವರು ಕಲಿಸಲೇಬಾರದೆಂಬುದು ನನ್ನ ವಾದವಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದರು. ಅವರನ್ನು ಕಳುಹಿಸಿದ ಮಿಷನ್ನಿನ ಉದ್ದೇಶವನ್ನು ಯಾರು ಹೇಗಾದರೂ ಕಾಣಲಿ. ಅವರು ಮೊದಲು ಕನ್ನಡ ಕಲಿತರು, ದಶಕಗಳ ಕಾಲ ಅದರಲ್ಲಿ ದುಡಿದರು, 1894ರಲ್ಲಿ ಅವರ ನಿಘಂಟು ಹೊರಬಂದಿತು. ನಮಗೆ ಕೊಡುವ ಮೊದಲು ಅವರು ನಮ್ಮಿಂದ ಪಡೆದರು. ಈ ಕ್ರಮವನ್ನು ತಲೆಕೆಳಗು ಮಾಡಿದವರ ಸಹಾಯ ನಿಲ್ಲುವುದಿಲ್ಲ.

ಬೋಧನೆಯ ಲೋಪವನ್ನು ಹೇಗೋ ತುಂಬಿಕೊಳ್ಳಬಹುದು. ಆರೈಕೆಯ ವಿಷಯದಲ್ಲಿ ಆಗುವ ಹಾನಿ ಇನ್ನೂ ಆಳವಾದದ್ದು. ಇಂಗ್ಲೆಂಡಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿಗಳು 1969ರಲ್ಲಿ ಒಂದು ಚಲನಚಿತ್ರವನ್ನು ಹೊರತಂದರು. ತಾಯಿ ಹೆರಿಗೆಗೆ ಹೋದಾಗ ಹದಿನೇಳು ತಿಂಗಳ ಜಾನ್ ಎಂಬ ಮಗು ಒಂಬತ್ತು ದಿನ ಶಿಶುನಿಲಯದಲ್ಲಿ ಕಳೆದದ್ದರ ದಾಖಲೆ ಅದು. ಅಲ್ಲಿಯ ದಾದಿಯರು ಯಾರೂ ಕ್ರೂರಿಗಳಲ್ಲ. ಎಲ್ಲರೂ ತರುಣಿಯರು, ಸಹೃದಯರು. ಆದರೆ ಪಾಳಿ ಬದಲಾಗುತ್ತಿತ್ತು. ಮಗು ಒಬ್ಬಳನ್ನು ಆರಿಸಿಕೊಂಡು ಹತ್ತಿರ ಸರಿಯುತ್ತದೆ, ಅವಳು ಹೊರಟುಹೋಗುತ್ತಾಳೆ. ಇನ್ನೊಬ್ಬಳತ್ತ ಕೈ ಚಾಚುತ್ತದೆ, ಅವಳೂ ಹೋಗುತ್ತಾಳೆ. ಕೊನೆಗೆ ಊಟ ಬಿಟ್ಟು, ದೊಡ್ಡದೊಂದು ಕರಡಿಬೊಂಬೆಯನ್ನು ತಬ್ಬಿ ಬಿದ್ದುಕೊಳ್ಳುತ್ತದೆ. ಒಂಬತ್ತನೆಯ ದಿನ ತಾಯಿ ಬಂದಾಗ ಅವಳನ್ನೇ ದೂರ ತಳ್ಳುತ್ತದೆ. ಒಳ್ಳೆಯ ತಾಯಿಯಿದ್ದ ಮಗುವಿಗೆ ಒಂಬತ್ತು ದಿನಗಳಲ್ಲಿ ಇಷ್ಟಾಯಿತು. ವರ್ಷಕ್ಕೆ ಹತ್ತಾರು ಸ್ವಯಂಸೇವಕರು ಬಂದುಹೋಗುವ ಮನೆಯಲ್ಲಿ ಬೆಳೆಯುವ ಮಗುವಿನ ಪಾಡೇನು?

ಇದು ಬರಿಯ ಭಾವುಕತೆಯಲ್ಲ. ರುಮೇನಿಯದ ಬುಖಾರೆಸ್ಟ್ ನಗರದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ವಿದ್ವಾಂಸರು ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಕುರಿತು ದೀರ್ಘ ಅಧ್ಯಯನ ನಡೆಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕಳುಹಿಸಿದಾಗ ಅವರ ಬುದ್ಧಿ, ಮಾತು, ಮಮತೆಯ ಬಂಧಗಳು ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಹೆಚ್ಚಾಗಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನಮ್ಮಲ್ಲಿ ಗೇಲಿಯ ಮಾತು. ಆದರೆ ಪ್ರತಿಯೊಂದು ಮಗುವಿಗೂ ತನ್ನನ್ನು ಹಾಗೆ ಪಕ್ಷಪಾತದಿಂದ ಮುದ್ದಿಸುವ ಒಂದಾದರೂ ಜೀವ ಬೇಕು. ಆ ಜೀವ ನಾಳೆಯೂ ಅಲ್ಲಿಯೇ ಇರಬೇಕು.

ಹೋಗಿಬಂದ ಮಕ್ಕಳು ಹೇಳುವ ಮಾತೊಂದಿದೆ: "ಒಳಗೆ ಕಾಲಿಟ್ಟ ಕೂಡಲೇ ಎಲ್ಲ ಮಕ್ಕಳೂ ಓಡಿಬಂದು ಅಪ್ಪಿಕೊಂಡರು." ಇದನ್ನು ಅವರು ಪ್ರೀತಿಯ ಸಾಕ್ಷಿಯೆಂದು ಹೇಳುತ್ತಾರೆ. ನಮ್ಮ ಮನೆಯ ಮೂರು ವರ್ಷದ ಕೂಸು ಅಪರಿಚಿತರನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅದು ಆರೋಗ್ಯದ ಲಕ್ಷಣ. ಕಂಡ ಕಂಡವರನ್ನೆಲ್ಲ ಅಪ್ಪಿಕೊಳ್ಳುವ ಮಗು ತನ್ನವರೆಂಬವರನ್ನು ಕಾಣದ ಮಗುವಾಗಿರಬಹುದು. ಆ ಅಪ್ಪುಗೆಯನ್ನು ಕಂಡು ಹಿಗ್ಗಬಾರದು, ಮರುಗಬೇಕು.

ಇನ್ನು ವ್ಯಾಪಾರದ ಮಾತು. ಅನಾಥಾಲಯದಲ್ಲಿರುವವರೆಲ್ಲ ಅನಾಥರೆಂದು ನಾವು ನಂಬಿದ್ದೇವೆ. 2015ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದಾರೆಂದು ಯುನಿಸೆಫ್ ಹೇಳಿತು. ಆದರೆ ಆ ಲೆಕ್ಕದಲ್ಲಿ ತಂದೆತಾಯಿಗಳಲ್ಲಿ ಒಬ್ಬರನ್ನು ಮಾತ್ರ ಕಳೆದುಕೊಂಡವರೂ ಸೇರಿದ್ದಾರೆ. ಇಬ್ಬರನ್ನೂ ಕಳೆದುಕೊಂಡವರು ಸುಮಾರು ಒಂದೂವರೆ ಕೋಟಿ. ಅವರಲ್ಲಿಯೂ ಬಹುಪಾಲು ಮಕ್ಕಳು ಅಜ್ಜಿಯೊಡನೆಯೋ ಬಂಧುಗಳೊಡನೆಯೋ ಇರುವವರು. ಕಾಂಬೋಡಿಯದಲ್ಲಿ 1975ರಿಂದ 1979ರವರೆಗೆ ನಡೆದ ನರಮೇಧ ಲಕ್ಷಾಂತರ ಮಕ್ಕಳನ್ನು ನಿಜವಾಗಿಯೂ ಅನಾಥರನ್ನಾಗಿಸಿತ್ತು. ಆದರೆ ಆ ತಲೆಮಾರು ದೊಡ್ಡದಾಗಿ ದೇಶ ಶಾಂತವಾದ ಮೇಲೆ, 2005ರಿಂದ 2010ರ ನಡುವೆ, ಅಲ್ಲಿ ಅನಾಥಾಲಯಗಳ ಸಂಖ್ಯೆ ಶೇಕಡ 75ರಷ್ಟು ಏರಿತು. ಅವುಗಳಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಈ ಅವಧಿಯಲ್ಲಿ ಹೆಚ್ಚಿದವರು ಅನಾಥರಲ್ಲ, ಪ್ರವಾಸಿಗರು. ಅಂಕೋರ್ ದೇಗುಲಗಳ ಊರಾದ ಸಿಯೆಮ್ ರೀಪ್‌ನಲ್ಲಿ ಅನಾಥಾಲಯ ಭೇಟಿಯೂ ಪ್ರವಾಸದ ಒಂದು ಅಂಗವಾಯಿತು. ಮಕ್ಕಳು ಸಂಜೆ ಅತಿಥಿಗಳೆದುರು ನರ್ತಿಸಿ ದೇಣಿಗೆ ಗಳಿಸಬೇಕಾಯಿತು. ಆ ಬಳಿಕ ಕಾಂಬೋಡಿಯದ ಸರ್ಕಾರವೇ ಎಚ್ಚೆತ್ತು ಮಕ್ಕಳನ್ನು ಮನೆಗೆ ಮರಳಿಸುವ ಕಾರ್ಯಕ್ರಮ ಕೈಗೊಂಡಿತು.

ನೇಪಾಳದ ಕಥೆಯೂ ಇದೇ. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂತಹ ದೂರದ ಬೆಟ್ಟದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋಗಿ, ಮಗುವನ್ನು ಓದಿಸುತ್ತೇವೆಂದು ನಂಬಿಸಿ, ಬಡ ತಂದೆತಾಯಿಗಳಿಂದ ಹಣವನ್ನೂ ಪಡೆದು ಮಕ್ಕಳನ್ನು ಕಠ್ಮಂಡುವಿಗೆ ತಂದರು. ಅಮೆರಿಕದ ಕಾನರ್ ಗ್ರೆನನ್ ಎಂಬ ತರುಣ 2004ರಲ್ಲಿ ವಿಶ್ವಪ್ರವಾಸದ ನಡುವೆ ಅಂತಹ ಮಕ್ಕಳ ಮನೆಯೊಂದಕ್ಕೆ ಸ್ವಯಂಸೇವಕನಾಗಿ ಬಂದ. ತಾನು ಅನಾಥರೆಂದು ತಿಳಿದಿದ್ದ ಮಕ್ಕಳಿಗೆ ತಂದೆತಾಯಿಗಳಿದ್ದಾರೆಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಅವನು ಮಾಡಿದ ದೊಡ್ಡ ಕೆಲಸ ಇಂಗ್ಲಿಷ್ ಕಲಿಸಿದ್ದಲ್ಲ. ಹುಮ್ಲಾದ ಬೆಟ್ಟಗಳಲ್ಲಿ ಕಾಲ್ನಡೆಯಿಂದ ತಿರುಗಿ ಆ ಮಕ್ಕಳ ತಂದೆತಾಯಿಗಳನ್ನು ಹುಡುಕಿದ್ದು. ಇಂತಹ ಸೇವೆಗೆ ನನ್ನ ನಮಸ್ಕಾರವಿದೆ.

ಕಾರ್ಯಕಾರಣ ಇಷ್ಟು ಸರಳ: ಶುಲ್ಕ ತೆತ್ತು ಬರುವ ಸ್ವಯಂಸೇವಕನಿಗೆ ಮಗು ಬೇಕು; ಆದ್ದರಿಂದ ಮಗುವನ್ನು ತರಲಾಗುತ್ತದೆ. ಮಗು ಮನೆಗೆ ಮರಳಿದರೆ ಆದಾಯ ನಿಲ್ಲುತ್ತದೆ, ಆದ್ದರಿಂದ ಮರಳಿಸುವುದಿಲ್ಲ. ಮಕ್ಕಳು ದುಂಡಗಿದ್ದರೆ ದೇಣಿಗೆ ಕಡಿಮೆ. ಆದ್ದರಿಂದ ಎಷ್ಟೋ ಕಡೆ ಅವರನ್ನು ಬಡಕಲಾಗಿಯೇ ಇಡುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಲ್ಲ ಸಂಸ್ಥೆಗಳೂ ಹೀಗಲ್ಲ, ನಿಜ. ಆದರೆ ಎರಡು ವಾರಕ್ಕೆ ಬಂದವರಿಗೆ ಇದು ಯಾವ ಬಗೆಯದೆಂದು ತಿಳಿಯುವ ಉಪಾಯವೇ ಇಲ್ಲ. ಆಸ್ಟ್ರೇಲಿಯದ ಸಂಸದೀಯ ಸಮಿತಿ 2017ರಲ್ಲಿ ಆಧುನಿಕ ಗುಲಾಮಗಿರಿಯನ್ನು ಕುರಿತ ತನ್ನ ವರದಿಯಲ್ಲಿ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ಸೇರಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೊಂದು ಅನಾಥಾಲಯಗಳಲ್ಲಿನ ಸ್ವಯಂಸೇವೆಯಿಂದ, ಅದರಲ್ಲಿಯೂ ಪ್ರವಾಸದ ಅಂಗವಾಗಿ ನಡೆಯುವುದರಿಂದ, ಮಕ್ಕಳಿಗಾಗುವ ಹಾನಿಯನ್ನು ತಡೆಯಬೇಕೆಂದು ರಾಷ್ಟ್ರಗಳನ್ನು ಕೇಳಿಕೊಂಡಿತು.

ಯಾರು ಬೇಕಾದರೂ ಬರಬಹುದಾದ ಮನೆಗೆ ಬರಬಾರದವರೂ ಬರುತ್ತಾರೆ ಎಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಕೆನ್ಯಾದ ಮಕ್ಕಳ ಮನೆಯೊಂದರಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ ಅಮೆರಿಕದ ತರುಣ ಸ್ವಯಂಸೇವಕನೊಬ್ಬನಿಗೆ 2016ರಲ್ಲಿ ಆ ದೇಶದ ನ್ಯಾಯಾಲಯ 40 ವರ್ಷಗಳ ಶಿಕ್ಷೆ ವಿಧಿಸಿತು. ನಿಮ್ಮ ಮಕ್ಕಳು ಅಂತಹವರಲ್ಲ. ಆದರೆ ಪರಿಶೀಲನೆಯಿಲ್ಲದೆ ನಿಮ್ಮ ಮಗಳಿಗೆ ತೆರೆಯುವ ಬಾಗಿಲು ಅಂತಹವನಿಗೂ ತೆರೆಯುತ್ತದೆ.

ಈಗ ಪ್ರತಿವಾದಗಳನ್ನು ನೋಡೋಣ. "ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಮೇಲಲ್ಲವೇ?" ಎನ್ನುತ್ತಾರೆ. ಅಲ್ಲಿ ಏನೂ ಇಲ್ಲವೆಂದು ಹೇಳಿದವರು ಯಾರು? ಕೆಲಸವಿಲ್ಲದ ತರಬೇತಿ ಪಡೆದ ಶಿಕ್ಷಕಿ ಅದೇ ಊರಿನಲ್ಲಿರಬಹುದು. ಮಕ್ಕಳ ಭಾಷೆ, ಹಾಡು, ಹಬ್ಬ ಎಲ್ಲವೂ ಅವಳದೇ. ನಿಮ್ಮ ಮಗನ ವಿಮಾನದ ಟಿಕೆಟ್ಟಿನ ಹಣ ಅವಳಿಗೆ ಸಂಬಳವಾಗಬಲ್ಲದು. ಶುಲ್ಕವಿಲ್ಲದೆ, ಅಲ್ಲ, ಶುಲ್ಕ ತೆತ್ತು ಕೆಲಸ ಮಾಡುವವರು ಸಾಲುಗಟ್ಟಿ ಬರುತ್ತಿರುವಾಗ ಅವಳನ್ನು ಯಾರು ನೇಮಿಸುತ್ತಾರೆ?

"ನಮ್ಮ ಮಕ್ಕಳು ಬಡತನ ಕಂಡು ಕರುಣೆ ಕಲಿಯುತ್ತಾರೆ" ಎನ್ನುವವರಿದ್ದಾರೆ. ಕಲಿಯಲಿ. ಆದರೆ ಒಬ್ಬರ ಮಕ್ಕಳ ಪಾಠಕ್ಕೆ ಮತ್ತೊಬ್ಬರ ಮಕ್ಕಳು ಪಾಠೋಪಕರಣವಾಗಬಾರದು. ಆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೆಗೆಸಿದ ಭಾವಚಿತ್ರಗಳು ನನಗೂ ಬರುತ್ತವೆ. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಂ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತನ್ನಾಗಲಿ ಚಿತ್ರವನ್ನಾಗಲಿ ಮಾಧ್ಯಮಗಳಲ್ಲಿ ಪ್ರಕಟಿಸಕೂಡದೆನ್ನುತ್ತದೆ. ಕಾಯಿದೆಯ ಮಾತಿರಲಿ, ನಿಮ್ಮ ಮಗುವಿನ ದೈನ್ಯವನ್ನು ಯಾರೋ ಪರದೇಶದಲ್ಲಿ ಪ್ರದರ್ಶಿಸಿದರೆ ನೀವು ಸಹಿಸುವಿರಾ?

"ದೊಡ್ಡ ದೊಡ್ಡ ದೇಶಗಳೇ ಸ್ವಯಂಸೇವಕರನ್ನು ಕಳುಹಿಸಿಲ್ಲವೇ?" ಎಂಬುದು ಮೂರನೆಯ ವಾದ. ಕಳುಹಿಸಿವೆ. ಅಮೆರಿಕದಲ್ಲಿ 1961ರಲ್ಲಿ ಸ್ಥಾಪನೆಯಾದ ಪೀಸ್ ಕೋರ್ ಸ್ವಯಂಸೇವಕರಿಂದ 27 ತಿಂಗಳ ಕಾಲವನ್ನು ಕೇಳುತ್ತದೆ. ಅದರಲ್ಲಿ ಮೊದಲ ಮೂರು ತಿಂಗಳು ಸ್ಥಳೀಯ ಭಾಷೆ ಮತ್ತು ಕೆಲಸದ ತರಬೇತಿಗೆ ಮೀಸಲು. ಬ್ರಿಟನ್ನಿನ ವಿಎಸ್‌ಒ ಸಂಸ್ಥೆ 1958ರಲ್ಲಿ ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು ಕಳುಹಿಸುವುದರಿಂದ ಆರಂಭವಾಯಿತು. ಕಾಲಕ್ರಮದಲ್ಲಿ ಅರ್ಹತೆಯೂ ಅನುಭವವೂ ಇರುವವರನ್ನೇ ಹುಡುಕಿ ಕಳುಹಿಸುವ ಹಾದಿ ಹಿಡಿಯಿತು. ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಎದುರಿನಲ್ಲಿಯೇ ಅವರ ಸದುದ್ದೇಶವನ್ನು ಖಂಡಿಸಿ ಮಾತನಾಡಿದರು. ಕಲಿಯಲು ಬನ್ನಿ, ಉದ್ಧರಿಸಲು ಬರಬೇಡಿ ಎಂಬುದು ಅವರ ಭಾಷಣದ ತಾತ್ಪರ್ಯ. ಅರ್ಧ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಮಕ್ಕಳು ಪರದೇಶ ನೋಡಬೇಕೆಂದರೆ ನೋಡಲಿ. ಪ್ರವಾಸಿಯಾಗಿ ಹೋಗಿ, ಹಣ ಕೊಟ್ಟು ಉಂಡು, ನಮ್ರತೆಯಿಂದ ನಾಲ್ಕು ಮಾತು ಕಲಿತು ಬರಲಿ. ಅನಾಥಾಲಯದ ಬಾಗಿಲಿಗೆ ಹೋಗದಿರಲಿ. ಸಹಾಯ ಮಾಡುವ ಮನಸ್ಸಿದ್ದರೆ ಮಗುವನ್ನು ಅದರ ಮನೆಯಲ್ಲಿಯೇ ಉಳಿಸುವ ಕೆಲಸಕ್ಕೆ, ತಾಯಿಯ ದುಡಿಮೆಗೆ, ಊರಿನ ಶಾಲೆಗೆ, ಸ್ಥಳೀಯ ಶಿಕ್ಷಕರ ಸಂಬಳಕ್ಕೆ ಕೊಡಿ. ಕಲಿಸುವ ಹಂಬಲವೇ ನಿಜವಾಗಿದ್ದರೆ ಮೊದಲು ಶಿಕ್ಷಕರ ತರಬೇತಿ ಪಡೆಯಿರಿ, ಅಲ್ಲಿಯ ಭಾಷೆ ಕಲಿಯಿರಿ, ಎರಡು ವರ್ಷ ನಿಲ್ಲುವ ಸಂಕಲ್ಪ ಮಾಡಿ. ಅಲ್ಲಿಯ ಶಿಕ್ಷಕರು ಕರೆದರೆ ಅವರ ಕೈಕೆಳಗೆ ದುಡಿಯಿರಿ.

ಈ ಬೇಸಗೆಗೆ ಯಾರ ಮನೆಯಲ್ಲಾದರೂ ಅರ್ಜಿ ಸಿದ್ಧವಾಗಿದ್ದರೆ, ಶುಲ್ಕ ಕಟ್ಟುವ ಮುನ್ನ ಏಜೆನ್ಸಿಯನ್ನು ಮೂರು ಪ್ರಶ್ನೆ ಕೇಳಿ. ಈ ಮಕ್ಕಳ ತಂದೆತಾಯಿಗಳು ಎಲ್ಲಿದ್ದಾರೆ? ಹೋದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ನನ್ನ ಮಗ ಬರದಿದ್ದರೆ ಆ ಕೆಲಸವನ್ನು ಊರಿನವರಲ್ಲಿ ಯಾರು ಮಾಡುತ್ತಿದ್ದರು? ನೇರವಾದ ಉತ್ತರ ಬಾರದಿದ್ದರೆ ಆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿ. ನನ್ನ ಮಾತು ಒಪ್ಪದವರು ಬರೆಯಲಿ. ಆದರೆ ಆ ಮೂರು ಉತ್ತರಗಳನ್ನು ಜೊತೆಗಿಟ್ಟು ಬರೆಯಲಿ.