ಮನೆವಾರ್ತೆ: ಇಡುಗಂಟು ಬಂದ ಮನೆ, ಶಾಲೆಯ ನೆರವು

ಕಷ್ಟವನ್ನು ನಿಭಾಯಿಸಿದ ಸಂಸಾರಕ್ಕೆ ಸುಖವನ್ನು ನಿಭಾಯಿಸುವುದೇನು ಮಹಾ ಎಂದು ಹಲವರು ಕೇಳುತ್ತಾರೆ. ತಿಂಗಳ ಕಡೆಯ ವಾರವನ್ನು ಉಪ್ಪಿನಕಾಯಿ, ತಿಳಿಸಾರುಗಳಲ್ಲಿ ದಾಟಿಸುವ ಜಾಣ್ಮೆ ಮಧ್ಯಮವರ್ಗದ ಗೃಹಿಣಿಗೆ ಅಭ್ಯಾಸದಿಂದ ಕರಗತವಾಗಿರುತ್ತದೆ. ಎಂದೂ ನಿರೀಕ್ಷಿಸದ ಐದಾರು ಲಕ್ಷ ರೂಪಾಯಿ ಒಂದೇ ದಿನ ಬ್ಯಾಂಕಿನ ಖಾತೆಗೆ ಬಂದು ಬಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಅವಳಿಗೆ ಯಾರೂ ಕಲಿಸಿರುವುದಿಲ್ಲ. ಮಗುವಿನ ಶಾಲಾಶುಲ್ಕದ ಒಂದು ಪಾಲನ್ನು ಬೇರೆಯವರು ಕೊಡುತ್ತಿರುವ ಮನೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ನೆರವು ಕೊಡುತ್ತಿರುವ ಶಾಲೆಗೋ ಧರ್ಮನಿಧಿಗೋ ಸರ್ಕಾರಕ್ಕೋ ಈ ವಿಷಯವನ್ನು ತಿಳಿಸಬೇಕೆ? ತಿಳಿಸಿದರೆ ಮಗುವಿನ ಓದಿಗೆ ಕಲ್ಲು ಬಿದ್ದೀತೆ? ತಿಳಿಸದಿದ್ದರೆ ಮುಂದೆ ಏನಾದೀತು?

ಇಂಥ ಹಣ ಬರುವ ದಾರಿಗಳು ಹಲವು. ಹಿರಿಯರ ಮನೆ ಮಾರಾಟವಾಗಿ ಪಾಲು ಬರಬಹುದು. ಮಕ್ಕಳಿಲ್ಲದ ಸೋದರತ್ತೆ ಉಯಿಲಿನಲ್ಲಿ ಹೆಸರು ಬರೆದಿರಬಹುದು. ಹಳ್ಳಿಯ ಜಮೀನು ರಸ್ತೆಗೆ ಹೋಗಿ ಪರಿಹಾರ ದೊರೆಯಬಹುದು. ವರ್ಷಗಳಿಂದ ತಡೆದಿದ್ದ ಸಂಬಳದ ಬಾಕಿ ಒಮ್ಮೆಗೇ ಕೈ ಸೇರಬಹುದು. ಲಾಟರಿಯ ಭಾಗ್ಯವಂತೂ ಕರ್ನಾಟಕದ ಮಟ್ಟಿಗೆ 2007ರ ನಿಷೇಧದೊಡನೆ ಮುಗಿದ ಮಾತು.

ಇವುಗಳಲ್ಲಿ ಕೆಲವಕ್ಕೆ ಆದಾಯ ತೆರಿಗೆಯಿಲ್ಲ. ಭಾರತದಲ್ಲಿ ಮೃತರ ಆಸ್ತಿಯ ಮೇಲಿದ್ದ ಎಸ್ಟೇಟ್ ತೆರಿಗೆ 1985ರಲ್ಲಿಯೇ ರದ್ದಾಯಿತು. ಉಯಿಲಿನಿಂದ ಅಥವಾ ವಾರಸಿನಿಂದ ಬಂದ ಹಣವನ್ನು ತೆರಿಗೆಯ ಕಾನೂನು ಆದಾಯವೆಂದು ಎಣಿಸುವುದಿಲ್ಲ. 2013ರ ಭೂಸ್ವಾಧೀನ ಕಾನೂನಿನಂತೆ ದೊರೆತ ಪರಿಹಾರಕ್ಕೂ ಆ ತೆರಿಗೆಯ ವಿನಾಯಿತಿ ಉಂಟು. ಇದನ್ನು ಕೇಳಿದ ಗೃಹಸ್ಥ, “ಸರ್ಕಾರವೇ ಇದನ್ನು ಆದಾಯವೆನ್ನುವುದಿಲ್ಲ, ಶಾಲೆಗೆ ಹೇಳುವುದೇಕೆ?” ಎಂದು ನಿಶ್ಚಿಂತನಾಗುತ್ತಾನೆ. ಇದು ಅವಸರದ ತೀರ್ಮಾನ. ಈ ಹಣದ ಮೇಲೆ ತೆರಿಗೆ ವಿಧಿಸಬಹುದೇ ಎಂಬುದು ತೆರಿಗೆ ಇಲಾಖೆಯ ಪ್ರಶ್ನೆ. ಈ ಮನೆಗೆ ಇನ್ನೂ ನೆರವು ಬೇಕೆ ಎಂಬುದು ಶುಲ್ಕ ಕೊಡುವವರ ಪ್ರಶ್ನೆ. ಮೊದಲನೆಯದಕ್ಕೆ ಕೊಟ್ಟ ಉತ್ತರ ಎರಡನೆಯದಕ್ಕೆ ಸಲ್ಲುವುದಿಲ್ಲ.

ಆದುದರಿಂದ ಮೊದಲು ನೋಡಬೇಕಾದುದು ನೆರವು ಪಡೆಯುವಾಗ ರುಜು ಹಾಕಿದ ಅರ್ಜಿಯ ನಕಲನ್ನು. ಸರ್ಕಾರದ ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ವಾರ್ಷಿಕ ಆದಾಯವನ್ನು ಕೇಳುತ್ತವೆ. 2008ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ವಿದ್ಯಾರ್ಥಿವೇತನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ 9ನೆಯ ತರಗತಿಯಿಂದ ವರ್ಷಕ್ಕೆ 12,000 ರೂಪಾಯಿ ಕೊಡುವಂಥದು. ಅದಕ್ಕೆ ತಂದೆತಾಯಿಗಳ ಆದಾಯ 3,50,000 ರೂಪಾಯಿಯನ್ನು ಮೀರಿರಬಾರದು. ಕಾಲೇಜಿನ ವಿದ್ಯಾರ್ಥಿಗಳಿಗಿರುವ ಕೇಂದ್ರದ ವೇತನದಲ್ಲಿ ಈ ಮಿತಿ 4,50,000. ಖಾಸಗಿ ಶಾಲೆಗಳ ಮತ್ತು ಧರ್ಮನಿಧಿಗಳ ಅರ್ಜಿಗಳು ಬೇರೆ ಬಗೆಯವು. ಅವು ಸ್ವಂತ ಮನೆ, ನಿವೇಶನ, ಬ್ಯಾಂಕಿನ ಠೇವಣಿ, ವಾಹನಗಳನ್ನೂ ವಿಚಾರಿಸಬಹುದು. ಪರಿಸ್ಥಿತಿ ಬದಲಾದರೆ ತಿಳಿಸುವೆನೆಂಬ ಒಂದು ಸಾಲು ಕಡೆಯಲ್ಲಿ ಸಣ್ಣಕ್ಷರದಲ್ಲಿ ಇರಬಹುದು. ಆ ಸಾಲಿದ್ದರೆ ತಿಳಿಸುವ ವಿಷಯದಲ್ಲಿ ಎರಡು ಮಾತಿಲ್ಲ. ಇಲ್ಲದಿದ್ದರೂ ಮುಂದಿನ ವರ್ಷದ ಅರ್ಜಿ ಬಂದೇ ಬರುತ್ತದೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರದ ಅವಧಿ ಇನ್ನೂ ಉಳಿದಿದೆಯೆಂಬುದು ಸಮಾಧಾನದ ಮಾತಾಗದು. ಪತ್ರ ಹಳೆಯದಾದರೂ ಅರ್ಜಿಯ ಕೆಳಗೆ ಬೀಳುವ ರುಜು ಅಂದಿನದು. ಸುಳ್ಳು ವಿವರದಿಂದ ವೇತನ ಪಡೆದುದು ಕಂಡುಬಂದರೆ ಅದನ್ನು ರದ್ದುಮಾಡಿ, ಕೊಟ್ಟ ಹಣವನ್ನು ವಸೂಲು ಮಾಡುವ ನಿಯಮ ಸರ್ಕಾರದ ಯೋಜನೆಗಳಲ್ಲಿದೆ.

ಹೀಗೆಂದು ಹಣ ಬಂದ ಮರುದಿನವೇ ಓಡಿಹೋಗಿ, “ನಮಗೆ ಇನ್ನು ನೆರವು ಬೇಡ” ಎಂದು ಬರೆದುಕೊಡುವುದೂ ವಿವೇಕವಲ್ಲ. ಇಡುಗಂಟು ಬೇರೆ, ವರಮಾನ ಬೇರೆ. ಸಂಬಳ ತಿಂಗಳು ತಿಂಗಳೂ ಹರಿದುಬರುವ ನಾಲೆಯಾದರೆ ಇಡುಗಂಟು ಒಮ್ಮೆ ಸುರಿದ ಮಳೆಯಿಂದ ತುಂಬಿದ ಕೆರೆ. ಕೆರೆ ತುಂಬಿದ್ದನ್ನು ಕಂಡು ನಾಲೆಯೇ ಬಂತೆಂದು ಬೇಸಾಯ ಹೂಡಿದವನು ಎರಡನೆಯ ಬೇಸಗೆಯಲ್ಲಿ ಕಣ್ಣೀರಿಡುತ್ತಾನೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಒಂದು ಸಂಸಾರದ ಲೆಕ್ಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮೈಸೂರಿನಲ್ಲಿ ಒಬ್ಬ ಗುಮಾಸ್ತೆ. ಸಂಬಳ ತಿಂಗಳಿಗೆ 28,000, ವರ್ಷಕ್ಕೆ 3,36,000 ರೂಪಾಯಿ. ಮಗಳು ಖಾಸಗಿ ಶಾಲೆಯಲ್ಲಿ 8ನೆಯ ತರಗತಿ ಓದುತ್ತಾಳೆ. ಶುಲ್ಕ 80,000, ಅದರಲ್ಲಿ ಅರ್ಧ, ಅಂದರೆ 40,000 ರೂಪಾಯಿಯನ್ನು ಒಂದು ಧರ್ಮನಿಧಿ ಕೊಡುತ್ತದೆ. ಅದರ ಆದಾಯ ಮಿತಿ 3,50,000. ತೀರಿಕೊಂಡ ಸೋದರತ್ತೆಯ ಮನೆ ಮಾರಾಟವಾಗಿ ಈತನ ಪಾಲಿಗೆ 6 ಲಕ್ಷ ಬರುತ್ತದೆ. ರಾತ್ರಿ ಮಗಳು ಮಲಗಿದ ಮೇಲೆ ಹೆಂಡತಿ ಮೆಲ್ಲಗೆ ಕೇಳುತ್ತಾಳೆ: “ರೀ, ಹೇಳಿದರೆ ನಿಲ್ಲಿಸಿಬಿಡ್ತಾರೆ. ಈ ಗಂಟು ಎಷ್ಟು ವರ್ಷಕ್ಕೆ ಬಂದೀತು? ಇನ್ನು ಎರಡು ವರ್ಷ ಕಳೆದರೆ ಅವಳ ಹತ್ತನೇ ಕ್ಲಾಸೇ ಮುಗಿಯುತ್ತೆ.”

ಈ ಮಾತಿನಲ್ಲಿ ದುರಾಸೆಯಿಲ್ಲ, ಭಯವಿದೆ. ಭಯಕ್ಕೆ ಮದ್ದು ಉಪದೇಶವಲ್ಲ, ಲೆಕ್ಕ. ಆಕೆಯ ಬಳೆಗಳ ಮೇಲೆ ತಂದ 1,20,000 ರೂಪಾಯಿ ಸಾಲವಿದೆ. ಬಡ್ಡಿ ನೂರಕ್ಕೆ 10ರಂತೆ ವರ್ಷಕ್ಕೆ 12,000. ಅದನ್ನು ತೀರಿಸಿದರೆ 4,80,000 ಉಳಿಯುತ್ತದೆ. ಅದನ್ನು ಬ್ಯಾಂಕಿನಲ್ಲಿ ನೂರಕ್ಕೆ 7ರಂತೆ ಇಟ್ಟರೆ ವರ್ಷಕ್ಕೆ 33,600 ಬಡ್ಡಿ. ಆಗ ಮನೆಯ ವರಮಾನ 3,69,600 ಆಗಿ ಮಿತಿಯನ್ನು 19,600 ರೂಪಾಯಿಗಳಷ್ಟು ದಾಟುತ್ತದೆ. ಇಡುಗಂಟನ್ನು ವರಮಾನವೆಂದು ಎಣಿಸದಿದ್ದರೂ ಅದರ ಬಡ್ಡಿಯೇ ಗೆರೆಯನ್ನು ದಾಟಿಸಿತು. ಧರ್ಮನಿಧಿ ಕೈಬಿಟ್ಟರೆ ನಷ್ಟ 40,000. ಬಡ್ಡಿಯೊಂದನ್ನೇ ನೋಡಿದರೆ ಸತ್ಯ ಹೇಳಿದ ಮನೆಗೆ 6,400 ರೂಪಾಯಿ ಸೋಲು. ಆದರೆ ತೀರಿದ ಸಾಲದ 12,000ವನ್ನು ಕೂಡಿಸಿದಾಗ ಚಿತ್ರ ತಿರುಗುತ್ತದೆ: 45,600 ಬಂದು 40,000 ಹೋದರೆ 5,600 ಮಿಗುತ್ತದೆ. ಅಸಲು ಮುಟ್ಟದೆ ಉಳಿಯಿತು, ಬಳೆಗಳು ಮನೆಗೆ ಬಂದವು, ಮಗಳು ಅದೇ ಶಾಲೆಯಲ್ಲಿ ಓದಿದಳು. ಇದು ಸತ್ಯ ಹೇಳಿದುದರಿಂದಾದ ಅತ್ಯಂತ ಕೆಟ್ಟ ಪರಿಣಾಮ! ಮುಚ್ಚಿಟ್ಟರೆ ಎರಡು ವರ್ಷಗಳಲ್ಲಿ 80,000 ಉಳಿಯುತ್ತದೆ ನಿಜ. ಜೊತೆಗೆ ಎರಡು ಸುಳ್ಳು ರುಜುಗಳೂ ಉಳಿಯುತ್ತವೆ.

ಎಲ್ಲ ಮನೆಗಳ ಲೆಕ್ಕವೂ ಹೀಗೆ ಸರಿಹೋಗುವುದಿಲ್ಲ. ಗಂಟು ಚಿಕ್ಕದಾಗಿ ಸಾಲ ದೊಡ್ಡದಾಗಿದ್ದರೆ, ಕಾಯಿಲೆಯವರಿದ್ದರೆ, ನೆರವು ನಿಂತೊಡನೆ ಶಾಲೆಯನ್ನೇ ಬಿಡಿಸಬೇಕಾದೀತು. ಅಂಥವರು ತಿಳಿಸುವುದರ ಜೊತೆಗೆ ಕೇಳಿಕೊಳ್ಳುವುದಕ್ಕೂ ಹಿಂಜರಿಯಬಾರದು. ಪೂರ್ಣ ನಿಲ್ಲಿಸುವುದು, ಕಡಿಮೆ ಮಾಡುವುದು, ವರ್ಷದ ಕೊನೆಯವರೆಗೆ ಮುಂದುವರಿಸುವುದು ಎಂಬ ಮೂರು ದಾರಿಗಳಲ್ಲಿ ಎರಡನ್ನು ತೋರಿಸಿಕೊಡುವವನು ಅರ್ಜಿದಾರನೇ. ಕಾಗದ ದೀರ್ಘವಾಗಬೇಕಿಲ್ಲ:

“ನನ್ನ ಸೋದರತ್ತೆಯವರ ಆಸ್ತಿಯಲ್ಲಿ ನನ್ನ ಪಾಲಾಗಿ 6,00,000 ರೂಪಾಯಿ ಈ ತಿಂಗಳು ಬಂದಿದೆ. ಇದು ಒಂದೇ ಸಲ ಬಂದ ಹಣ. ನನ್ನ ಸಂಬಳದಲ್ಲಿ ಬದಲಾವಣೆಯಿಲ್ಲ. 1,20,000 ರೂಪಾಯಿ ಸಾಲ ತೀರಿಸಿ ಉಳಿದುದನ್ನು ಮಗಳ ಮುಂದಿನ ವಿದ್ಯಾಭ್ಯಾಸಕ್ಕಾಗಿ ಠೇವಣಿ ಇಡುತ್ತಿದ್ದೇನೆ. ಅದರ ಬಡ್ಡಿಯಿಂದ ನನ್ನ ವಾರ್ಷಿಕ ವರಮಾನ ನಿಮ್ಮ ಮಿತಿಯನ್ನು ಸ್ವಲ್ಪ ದಾಟುತ್ತದೆ. ನೆರವನ್ನು ಅರ್ಧಕ್ಕೆ ಇಳಿಸಿ ಮುಂದುವರಿಸಲು ಸಾಧ್ಯವೇ ಎಂದು ದಯವಿಟ್ಟು ತಿಳಿಸಬೇಕಾಗಿ ಪ್ರಾರ್ಥನೆ. ಸಾಧ್ಯವಿಲ್ಲವಾದರೆ ಇದುವರೆಗಿನ ಉಪಕಾರಕ್ಕೆ ನಾವು ಋಣಿಗಳು.”

ಈ ಕಾಗದ ಹೊಸ ಸ್ಕೂಟರು ಬಾಗಿಲಿಗೆ ಬರುವ ಮೊದಲೇ ಹೋಗಬೇಕು. ಮೊದಲು ತಿಳಿಸಿದರೆ ಅದು ಪ್ರಾಮಾಣಿಕತೆ. ಸ್ಕೂಟರನ್ನು ಕಂಡವರು ಕೇಳಿದ ಮೇಲೆ ಹೇಳಿದರೆ ಅದೇ ಸಂಗತಿ ಸಮಜಾಯಿಷಿಯಾಗುತ್ತದೆ. ಕೈಗೆ ಬಾರದ ಹಣದ ಮಾತು ಬೇರೆ. ಕೋರ್ಟಿನಲ್ಲಿರುವ ಪಾಲು, ಇನ್ನೂ ಮಂಜೂರಾಗದ ಪರಿಹಾರ ಇವು ಆಸೆಗಳೇ ಹೊರತು ಹಣವಲ್ಲ.

ಜೀವವಿಮೆಯ ಹಣವನ್ನಂತೂ ಈ ಸಾಲಿಗೆ ಸೇರಿಸಲೇಬಾರದು. ಯಜಮಾನ ತೀರಿಕೊಂಡ ಮನೆಗೆ ಬರುವ ಹತ್ತು ಲಕ್ಷ ಅದೃಷ್ಟದ ಹಣವಲ್ಲ. ಅವನು ಬದುಕಿದ್ದರೆ ತರುತ್ತಿದ್ದ ಸಂಬಳ ಗಂಟಾಗಿ ಬಂದದ್ದು. ಅದನ್ನು ತಿಳಿಸುವಾಗ ನಿಂತುಹೋದ ಸಂಬಳವನ್ನೂ ಅದೇ ಕಾಗದದಲ್ಲಿ ಕಾಣಿಸಬೇಕು. ಆ ತಾಯಿ ಸಂಕೋಚದಿಂದ ನೆರವನ್ನು ಬಿಟ್ಟುಕೊಡುವ ಅಗತ್ಯವಿಲ್ಲ. ಅವಳಿಗೆ ಅದು ಹಿಂದಿಗಿಂತ ಹೆಚ್ಚಾಗಿ ಬೇಕಾದ ಕಾಲ ಅದು.

ಗಂಟನ್ನು ಎಲ್ಲಿಡಬೇಕೆಂಬುದರಲ್ಲಿ ಒಂದೆರಡು ಎಚ್ಚರ ಸಾಕು. ಹಣ ಬಂದ ಸುದ್ದಿಗೆ ಕಾಲು ಹೆಚ್ಚು. ಕೈಸಾಲ ಕೇಳುವ ನೆಂಟರು, ಚೀಟಿಯವರು, ಹೆಚ್ಚು ಬಡ್ಡಿಯ ಆಸೆ ತೋರಿಸುವವರು ವಾರದೊಳಗೆ ಬಾಗಿಲಲ್ಲಿರುತ್ತಾರೆ. ಮೂರು ತಿಂಗಳು ಯಾರಿಗೂ ಯಾವ ಮಾತೂ ಕೊಡದಿರುವುದು ಲೇಸು. ಬ್ಯಾಂಕಿನ ಠೇವಣಿಗೆ 1962ರಲ್ಲಿ 1,500 ರೂಪಾಯಿಯಿಂದ ಆರಂಭವಾದ ವಿಮೆಯ ರಕ್ಷಣೆ 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿತು. ಒಬ್ಬನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎರಡೂ ಸೇರಿ ಈ ಲೆಕ್ಕ. 4,80,000 ರೂಪಾಯಿಗೆ ಒಂದು ವರ್ಷದ ಬಡ್ಡಿ ಸೇರಿದರೆ ಅದು ಈ ಅಳತೆಯನ್ನು ಮೀರುತ್ತದೆ. ಎರಡು ಬ್ಯಾಂಕುಗಳಲ್ಲಿ ಹಂಚಿಡುವುದು ಕ್ಷೇಮ. ಪತ್ತಿನ ಸಹಕಾರ ಸಂಘಗಳಿಗೆ ಈ ರಕ್ಷಣೆ ಇಲ್ಲವೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೂ, “ಕೊಡುವವರಿಗೆ 40,000 ಯಾವ ಲೆಕ್ಕ?” ಎಂಬ ಮಾತು ಕೆಲವರ ನಾಲಗೆಯ ಮೇಲಿರುತ್ತದೆ. ಇದಕ್ಕೆ ಉತ್ತರವನ್ನು ಹಿಂದಿನ ಕಾಲದ ವಾರಾನ್ನದ ಪದ್ಧತಿಯಲ್ಲಿ ಹುಡುಕಬಹುದು. ಮೈಸೂರು, ಬೆಂಗಳೂರುಗಳಿಗೆ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಗಳನ್ನು ಗೊತ್ತುಮಾಡಿಕೊಂಡು ಉಂಡು ಓದಿದರು. ಆ ಮನೆಗಳಲ್ಲಿ ಹಲವು ತಾವೇ ಅಷ್ಟಕ್ಕಷ್ಟೆ ಎಂಬಂತಿದ್ದವು. ಒಂದು ಮನೆಯ ಸೋಮವಾರದ ಎಲೆ ಒಬ್ಬ ಹುಡುಗನ ಪಾಲಾದರೆ ಇನ್ನೊಬ್ಬನಿಗೆ ಆ ಮನೆಯಲ್ಲಿ ಸೋಮವಾರವಿರಲಿಲ್ಲ. ಇಂದಿನ ಶುಲ್ಕದ ನೆರವೂ ಹಾಗೆಯೇ. ಧರ್ಮನಿಧಿಗೆ ವರ್ಷಕ್ಕೆ ಬರುವ ಬಡ್ಡಿ ಇಷ್ಟೇ, ಅದರಿಂದ ಓದಬಹುದಾದ ಮಕ್ಕಳು ಇಷ್ಟೇ. ಅಗತ್ಯ ತೀರಿದವರು ಎಲೆಯ ಮುಂದಿನಿಂದ ಏಳದಿದ್ದರೆ, ಹಸಿವಿನಿಂದ ಬಾಗಿಲಲ್ಲಿ ನಿಂತವರು ಕಾಯಬೇಕಾಗುತ್ತದೆ. ನೆರವನ್ನು ಪಡೆದುದರಲ್ಲಿ ಅವಮಾನವಿಲ್ಲವೆನ್ನುವವರಿಗೆ ಬಿಟ್ಟುಕೊಡುವುದರಲ್ಲಿ ನಷ್ಟದ ಭಾವವೂ ಬೇಡ.

ಮಗುವಿಗೆ ಈ ವಿಷಯ ಹೇಳಬೇಕೆ ಎಂಬುದು ಉಳಿದ ಪ್ರಶ್ನೆ. ಎಂಟನೆಯ ತರಗತಿಯ ಹುಡುಗಿಗೆ ತನ್ನ ಶುಲ್ಕ ಯಾರು ಕೊಡುತ್ತಾರೆಂಬುದು ಬಹುಮಟ್ಟಿಗೆ ಗೊತ್ತೇ ಇರುತ್ತದೆ. “ಶಾಲೆಯಲ್ಲಿ ಯಾರಿಗೂ ಹೇಳಬೇಡ” ಎಂದು ಒಮ್ಮೆ ಅವಳಿಗೆ ಹೇಳಿದರೆ, ಅವಳು ಸ್ನೇಹಿತೆಯರ ನಡುವೆ ಎರಡು ವರ್ಷ ಆ ಗುಟ್ಟಿನ ಕಾವಲುಗಾರಳಾಗಿ ಕೂರುತ್ತಾಳೆ. ಅದರ ಬದಲು ಕಾಗದವನ್ನು ಅವಳ ಮುಂದೆಯೇ ಬರೆದು, ಲಕೋಟೆ ಅಂಟಿಸಲು ಅವಳ ಕೈಗೇ ಕೊಡುವುದು ಒಳ್ಳೆಯದು. ಹಣ ಬಂದಾಗ ತನ್ನ ತಂದೆತಾಯಿಗಳು ಮೊದಲು ಮಾಡಿದ ಕೆಲಸ ಯಾವುದೆಂಬುದು ಅವಳಿಗೆ ನೆನಪಿರುತ್ತದೆ. ಮುಂದೆ ಅವಳೇ ಸಂಪಾದಿಸುವ ದಿನ ಬಂದಾಗ, ಇನ್ನೊಂದು ಮಗುವಿನ ಶುಲ್ಕದ ಮಾತು ಅವಳಿಗೆ ಹೊಸದಾಗಿರುವುದಿಲ್ಲ.