ಬುದ್ಧಿ ಅನ್ನುವ ಅರ್ಜಿ ಸಾಕು, ಲೆಕ್ಕ ಕೇಳುವ ಅರ್ಜಿ ಬರೆಯಿರಿ

ನಮ್ಮ ಕೇರಿಗಳಿಂದ ಸರ್ಕಾರಕ್ಕೆ ಹೋಗುವ ಅರ್ಜಿಗಳನ್ನು ಓದಿ ನೋಡಿ. ಚಾಮರಾಜನಗರ ತಾಲ್ಲೂಕಿನದಾಗಲಿ, ಗುಂಡ್ಲುಪೇಟೆ ತಾಲ್ಲೂಕಿನದಾಗಲಿ, ಎಲ್ಲಕ್ಕೂ ಒಂದೇ ಮುಖ, ಒಂದೇ ಬಗ್ಗಿದ ಬೆನ್ನು. 'ಸನ್ಮಾನ್ಯ ಮಂತ್ರಿಗಳ ಸನ್ನಿಧಾನಕ್ಕೆ' ಅಂತ ಶುರುವಾಗುತ್ತೆ, 'ದಯಾಳುಗಳಾದ ತಾವು ಕೃಪೆ ತೋರಿ' ಅಂತ ನಡು ಬಗ್ಗುತ್ತೆ, 'ತಮ್ಮನ್ನು ಸದಾ ಸ್ಮರಿಸುವ ಬಡವರು' ಅಂತ ಹೆಬ್ಬೆಟ್ಟು ಒತ್ತಿ ಮುಗಿಯುತ್ತೆ. ನಡುವೆ ಎಲ್ಲೋ ಒಂದು ಸಾಲಿನಲ್ಲಿ ಚರಂಡಿ ಬೇಕು, ತೊಂಬೆ ಬೇಕು, ಸ್ಮಶಾನಕ್ಕೆ ದಾರಿ ಬೇಕು ಅಂತ ಇರುತ್ತೆ. ನಮ್ಮ ತಾತಂದಿರು ಉಳ್ಳವರ ಮನೆ ಬಾಗಿಲಲ್ಲಿ ಟವಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು 'ಬುದ್ಧೀ' ಅಂದ ದನಿ ಅದು. ತಾತ ಬಾಯಲ್ಲಿ ಅಂದದ್ದನ್ನು ಮೊಮ್ಮಗ ಬಿ.ಎ. ಓದಿ ಬಿಳಿ ಹಾಳೆಯ ಮೇಲೆ ಬರೆಯುತ್ತಿದ್ದಾನೆ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಈ ಮಾತು ನಿಮಗೇ ಹೇಳಬೇಕಾಗಿದೆ. ಯಾಕೆಂದರೆ ಅರ್ಜಿ ಬರೆಯುವವರು ನೀವೇ. ರಜೆಗೆ ಊರಿಗೆ ಹೋದಾಗ ಕೇರಿ ಯಜಮಾನರು ಕರೆಸುತ್ತಾರೆ: 'ಅರ್ಜಿ ಒಂದ ಬರ್ಕೊಡು ಕಣ್ ಮಗ, ಮಂತ್ರಿಗಳು ಬತ್ತಾವ್ರಂತೆ.' ನಿಮ್ಮ ಅಪ್ಪ ಅವ್ವ ಕೂಲಿ ಮಾಡಿ ನಿಮಗೆ ಕಲಿಸಿದ ಅಕ್ಷರಕ್ಕೆ ಕೇರಿ ಕೊಡುವ ಮೊದಲ ಕೆಲಸ ಅದು. ಅದನ್ನು ಹಗುರ ಮಾಡಬೇಡಿ. ಆದರೆ ಪೆನ್ನು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾವು ಕೇಳುತ್ತಿರುವ ದುಡ್ಡು ಯಾರದು?

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1980ರ ಮಾರ್ಚಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಎಲ್ಲ ಮುಖ್ಯಮಂತ್ರಿಗಳಿಗೆ ಒಂದು ಕಾಗದ ಬರೆದರು. ಪ್ರತಿ ರಾಜ್ಯವೂ ತನ್ನ ಯೋಜನೆಯ ಒಳಗೆ ಪರಿಶಿಷ್ಟ ಜಾತಿಗಳಿಗೆಂದು ವಿಶೇಷ ಘಟಕ ಯೋಜನೆ ಮಾಡಬೇಕು ಅನ್ನುವುದು ಅದರ ಸಾರ. ಬುಡಕಟ್ಟು ಜನಕ್ಕೆ ಉಪಯೋಜನೆ ಅದಕ್ಕೂ ಮುಂಚೆಯೇ ಬಂದಿತ್ತು. ಕಾಗದ ಬಂತು, ಆದೇಶ ಬಂತು, ದುಡ್ಡು ಮಾತ್ರ ಬೇರೆ ದಾರಿ ಹಿಡಿಯಿತು. ಮೂವತ್ತು ವರ್ಷ ಹೀಗೇ ನಡೆದ ಮೇಲೆ, ಆಂಧ್ರದಲ್ಲಿ ಕಾಯ್ದೆ ಆದ ಹಿಂದೆಯೇ, 2013ರಲ್ಲಿ ಕರ್ನಾಟಕದಲ್ಲೂ ಕಾಯ್ದೆ ಆಯಿತು. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ. ಜನಸಂಖ್ಯೆ ಎಷ್ಟೋ ಅಷ್ಟು ಪಾಲು. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95. ಎರಡೂ ಕೂಡಿಸಿ: ಅಭಿವೃದ್ಧಿಗೆ ಅಂತ ಸರ್ಕಾರ ಎತ್ತಿಡುವ ನೂರು ರೂಪಾಯಿಯಲ್ಲಿ 24 ರೂಪಾಯಿ 10 ಪೈಸೆ ನಮ್ಮದು. ಯಾವ ಮಂತ್ರಿಯ ಮನೆ ಗಂಟೂ ಅಲ್ಲ. ಪಾಲು ಕೇಳುವ ಅಣ್ಣತಮ್ಮ ಯಾರಾದರೂ 'ದಯಾಳುಗಳಾದ ತಾವು' ಅಂತ ಕೇಳುತ್ತಾನಾ?

ಇನ್ನು ನಮ್ಮ ಜಿಲ್ಲೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಚಾಮರಾಜನಗರ ಜಿಲ್ಲೆಯಲ್ಲಿ ಅದೇ 2011ರ ಗಣತಿಯಂತೆ ಹತ್ತು ಲಕ್ಷದ ಮೇಲೆ ಜನ. ಅದರಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 25ಕ್ಕೂ ಮಿಕ್ಕಿ, ಪರಿಶಿಷ್ಟ ಪಂಗಡ ಸುಮಾರು 12. ಮೂರು ಜನ ನಿಂತರೆ ಒಬ್ಬ ನಮ್ಮವ. ಲೋಕಸಭೆಗೆ ಮೀಸಲು ಕ್ಷೇತ್ರ ಬೇರೆ. ಇಷ್ಟೆಲ್ಲ ಇದ್ದೂ ಕೇರಿಯ ಚರಂಡಿಗೆ ಕಲ್ಲು ಹಾಸುವುದಕ್ಕೆ ಹಾರ ತುರಾಯಿ ಹಿಡಿದು ನಿಲ್ಲಬೇಕು! ಚಾಮರಾಜನಗರಕ್ಕೆ ಕಾಲಿಟ್ಟರೆ ಮುಖ್ಯಮಂತ್ರಿ ಕುರ್ಚಿ ಹೋಗುತ್ತೆ ಅಂತ ಹೆದರಿ ಎಷ್ಟೋ ವರ್ಷ ದೊಡ್ಡವರು ಈ ಊರಿನ ಕಡೆ ತಲೆ ಹಾಕಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಬಂದು ಆ ಮೂಢನಂಬಿಕೆ ಮುರಿದರು. 2025ರ ಏಪ್ರಿಲಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಮೇಲೆ ಮಂತ್ರಿಮಂಡಲದ ಸಭೆಯೇ ಆಯಿತು. ಒಳ್ಳೆಯದು. ಮಂತ್ರಿಗಳು ಬರಬೇಕಾದ್ದೇ. ಆದರೆ ಬಂದವರ ಕಾರಿನ ಕಿಟಕಿಗೆ ತೂರಿದ ಅರ್ಜಿ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಕೇಳುವವರು ಬೇಕು.

ಕಾಯ್ದೆ ಆದಮೇಲೂ ಕಳ್ಳಗಿಂಡಿ ಉಳಿದೇ ಇತ್ತು. ಕಲಂ 7(ಡಿ) ಅಂತ ಅದರ ಹೆಸರು. ಪಾಲು ಮಾಡಲಾಗದ ದೊಡ್ಡ ಕಾಮಗಾರಿ, ಅಂದರೆ ಸೇತುವೆ, ಹೆದ್ದಾರಿ, ಕಾಲುವೆಯಂಥವು, ಅದರ ಖರ್ಚಿನಲ್ಲಿ ಒಂದು ಭಾಗವನ್ನು ದಲಿತರಿಗೇ ಖರ್ಚಾಯಿತು ಅಂತ ಲೆಕ್ಕ ಬರೆದುಕೊಳ್ಳಬಹುದಿತ್ತು. ಸೇತುವೆ ಮೇಲೆ ನೀವೂ ನಡೀತೀರಲ್ಲ ಅನ್ನುವ ನ್ಯಾಯ! ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಆ ಕಲಮನ್ನು ತೆಗೆದರು. ಆದರೆ ಅದೇ 2023-24ರ ಸಾಲಿನಲ್ಲಿ ಉಪಯೋಜನೆಯ 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಮರುವರ್ಷ 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿಗೂ ಹೆಚ್ಚು. ಸರ್ಕಾರದ ಉತ್ತರ: ಗ್ಯಾರಂಟಿ ದುಡ್ಡು ದಲಿತ ಕುಟುಂಬಗಳಿಗೂ ಸೇರುತ್ತಲ್ಲ, ಅವರ ಪಾಲಿನಷ್ಟನ್ನೇ ಬರೆದಿದ್ದೇವೆ. ನಮ್ಮ ಅವ್ವಂದಿರ ಕೈಗೆ ತಿಂಗಳಿಗೆ ಬರುವ ಎರಡು ಸಾವಿರವನ್ನು ನಾವು ಹೀಗಳೆಯುವವರಲ್ಲ; ಆ ದುಡ್ಡಿನಲ್ಲಿ ಒಲೆ ಉರಿದಿದೆ. ನಮ್ಮ ತಕರಾರು ಬೇರೆ. ಎಲ್ಲರಿಗೂ ಕೊಡುವುದನ್ನು ಎಲ್ಲರಿಗೂ ಸೇರಿದ ಬೊಕ್ಕಸದಿಂದ ಕೊಡಿ. ಮೇಲಿನ ಬೀದಿಯ ಅಕ್ಕನಿಗೆ ಬರುವ ಎರಡು ಸಾವಿರ ಸರ್ಕಾರದ ದುಡ್ಡು, ಕೇರಿಯ ಅಕ್ಕನಿಗೆ ಬರುವ ಎರಡು ಸಾವಿರ ಕೇರಿಯ ಚರಂಡಿ ದುಡ್ಡು ಅಂದರೆ ಅದು ಎಂಥ ಲೆಕ್ಕ?

ಈಗ ಅರ್ಜಿಯ ವೇಳೆ ನೋಡಿ. ನಮ್ಮ ಮನವಿ ಪತ್ರಗಳು ಹೆಚ್ಚಾಗಿ ಹೊರಡುವುದು ಏಪ್ರಿಲ್ 14ಕ್ಕೆ. ಬಾಬಾಸಾಹೇಬರ ಜಯಂತಿ, ವೇದಿಕೆ, ಮೈಕು, ಹಾರ. ಆದರೆ ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೊಸ ಬಜೆಟ್ಟು ಅಷ್ಟರಲ್ಲಾಗಲೇ ಓದಿ ಆಗಿರುತ್ತೆ. ಸಂತೆ ಮುಗಿದ ಹದಿನಾಲ್ಕನೇ ದಿನಕ್ಕೆ ನಾವು ಚೀಲ ಹಿಡಿದು ನಿಂತಿರುತ್ತೇವೆ. ಗ್ರಾಮ ಪಂಚಾಯ್ತಿಯ ಮುಂದಿನ ವರ್ಷದ ಯೋಜನೆಗೆ ಜನರ ಅಭಿಪ್ರಾಯ ಕೇಳುವ ಕೆಲಸ ಶುರುವಾಗುವುದು ಅಕ್ಟೋಬರ್ 2ರಿಂದ. ವಾರ್ಡ್ ಸಭೆ, ಗ್ರಾಮ ಸಭೆ ಅಂತ ಪಂಚಾಯತ್ ರಾಜ್ ಕಾಯ್ದೆ ಬರೆದಿಟ್ಟಿದೆ. ಆರು ತಿಂಗಳಿಗೊಮ್ಮೆ ಸೇರಲೇಬೇಕು. ಆ ಸಭೆ ನಡೆದಿದ್ದು ಎಷ್ಟು ಕೇರಿಗಳಿಗೆ ಗೊತ್ತಾಗುತ್ತೆ? ಟಾಂ ಟಾಂ ಹೊಡೆಯುವವನು ನಮ್ಮವನೇ, ಆದರೆ ಸಭೆಯ ಸುದ್ದಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಪುಸ್ತಕದಲ್ಲಿ ರುಜು ಬಿದ್ದಿರುತ್ತೆ. ಕ್ರಿಯಾಯೋಜನೆಯಲ್ಲಿ ಹೆಸರು ಸೇರದ ಕೆಲಸಕ್ಕೆ ಮಂತ್ರಿ ವೇದಿಕೆ ಮೇಲೆ 'ಪರಿಶೀಲಿಸಿ' ಅಂತ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ 'ಸೂಕ್ತ ಕ್ರಮಕ್ಕಾಗಿ' ನಡೆಯುತ್ತಾ ಇರುತ್ತೆ.

ಸಂಸತ್ ಸದಸ್ಯರ ನಿಧಿಯೂ ಇದೆ. ವರ್ಷಕ್ಕೆ 5 ಕೋಟಿ. ಅದರಲ್ಲಿ ನೂರಕ್ಕೆ 15 ಪರಿಶಿಷ್ಟ ಜಾತಿಯ ಕೇರಿಗಳಿಗೆ, 7.5 ಬುಡಕಟ್ಟು ಜನರ ಜಾಗಗಳಿಗೆ ಅಂತ ನಿಯಮ. ಲೆಕ್ಕ ಹಾಕಿ: 75 ಲಕ್ಷ, 37.5 ಲಕ್ಷ. ಯಾವ ಕೇರಿಗೆ ಹೋಯಿತು ಅಂತ ಕೇಳುವುದು ಅವಿಧೇಯತೆಯಲ್ಲ.

ಏನನ್ನು ಕೇಳಬೇಕು ಅನ್ನುವುದು ಇನ್ನೂ ಕಷ್ಟದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ. ನಮ್ಮ ಅರ್ಜಿಗಳಲ್ಲಿ ಮೊದಲ ಸಾಲು ಭವನ. ಅಂಬೇಡ್ಕರ್ ಭವನ ಬೇಡ ಅನ್ನುವ ಎದೆ ನಮಗಿಲ್ಲ. ಊರ ಕಲ್ಯಾಣ ಮಂಟಪದಲ್ಲಿ ನಮ್ಮ ಮಕ್ಕಳ ಮದುವೆಗೆ ಜಾಗ ಸಿಗದಿದ್ದಾಗ ನಮ್ಮದು ಅಂತ ಒಂದು ಸೂರು ಬೇಕೇ ಬೇಕು. ಆದರೆ ಪಿಲ್ಲರ್ ಎದ್ದು, ಕಂಬಿ ತುಕ್ಕು ಹಿಡಿದು, ಒಳಗೆ ಪಾರ್ಥೇನಿಯಂ ಬೆಳೆದ ಭವನಗಳನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಗುತ್ತಿಗೆದಾರನಿಗೆ ಭವನ ಇಷ್ಟ. ಸಿಮೆಂಟು ಇದೆ, ಬಿಲ್ಲು ಇದೆ, ಉದ್ಘಾಟನೆಯ ಕಲ್ಲು ಇದೆ. ಅದೇ ಕೇರಿಯಲ್ಲಿ ಸಂಜೆ ಮಕ್ಕಳು ಕೂತು ಓದುವುದಕ್ಕೆ ಒಂದು ಕೋಣೆ, ಒಂದು ದೀಪ, ನಾಲ್ಕು ಪುಸ್ತಕ ಕೇಳಿದರೆ ಯಾರಿಗೂ ಉತ್ಸಾಹ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಸಂಕಟ ನೀರಿನದು. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ನಡೆದದ್ದು ನೆನಪಿದೆಯಲ್ಲ? ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬಾಯಾರಿ ಮೇಲ್ಜಾತಿಯವರ ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದಳು. ಆ ತಪ್ಪಿಗೆ ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗಂಜಲದಿಂದ ತೊಳೆದರು. ಸುದ್ದಿ ದೇಶವೆಲ್ಲ ಓಡಿತು. ಅಧಿಕಾರಿಗಳು ಓಡಿಬಂದರು, ಊರಿನ ತೊಂಬೆಗಳಲ್ಲಿ ದಲಿತರಿಗೆ ನೀರು ಕುಡಿಸಿದರು, ಎಲ್ಲರೂ ಕುಡಿಯಬಹುದು ಅಂತ ಗೋಡೆ ಮೇಲೆ ಬರೆಸಿದರು. ಆ ತೊಂಬೆ ಯಾರ ಸ್ವಂತದ್ದೂ ಅಲ್ಲ. ಸಾರ್ವಜನಿಕ ಹಣದ್ದು.

ಈಗ ಹೇಳಿ, ಇಂಥ ಊರಿನಲ್ಲಿ ನಮ್ಮ ಅರ್ಜಿ ಏನು ಕೇಳಬೇಕು? ಕೇರಿಗೆ ಒಂದು ಪ್ರತ್ಯೇಕ ತೊಂಬೆ ಕೊಡಿ ಅಂದರೆ ಬೇಗ ಮಂಜೂರಾಗುತ್ತೆ. ಊರಿನವರಿಗೂ ಸಮಾಧಾನ, ಕಚೇರಿಗೂ ಸಮಾಧಾನ, ಉಪಯೋಜನೆಯಲ್ಲಿ ಲೆಕ್ಕಕ್ಕೂ ಬರುತ್ತೆ. ಪ್ರತ್ಯೇಕ ತೊಂಬೆ, ಪ್ರತ್ಯೇಕ ಭವನ, ಪ್ರತ್ಯೇಕ ಸ್ಮಶಾನ. ಹೀಗೆ ನಮ್ಮದೇ ದುಡ್ಡಿನಲ್ಲಿ, ನಾವೇ ಬರೆದ ಅರ್ಜಿಯ ಮೇಲೆ, ಹೊಲಗೇರಿಯ ಸುತ್ತ ಹೊಸ ಗೋಡೆ ಏಳುತ್ತಾ ಹೋದರೆ? ಹಾಗಂತ ನೀರಿಲ್ಲದ ಕೇರಿಯ ಅವ್ವನಿಗೆ, ತಾಳವ್ವ ಜಾತಿ ನಾಶವಾಗಲಿ ಆಮೇಲೆ ಕುಡಿಯುವೆಯಂತೆ ಅನ್ನಲು ಆಗುತ್ತದೆಯೇ? ಆಗುವುದಿಲ್ಲ. ನಮ್ಮ ಮಟ್ಟಿಗೆ ತೋರುವುದು ಇಷ್ಟು: ಕೇರಿಗೆ ನಲ್ಲಿ ಬರಲಿ, ಆದರೆ ಅದೇ ಅರ್ಜಿಯಲ್ಲಿ ಊರಿನ ಪ್ರತಿ ತೊಂಬೆ, ಪ್ರತಿ ಮಂಟಪ, ಪ್ರತಿ ಸ್ಮಶಾನ ಯಾರ ಹಣದಲ್ಲಿ ಆದದ್ದು, ಅದನ್ನು ಯಾರು ಯಾರು ಬಳಸುತ್ತಿದ್ದಾರೆ ಅನ್ನುವ ಪ್ರಶ್ನೆಯೂ ಇರಲಿ. ಎರಡನೆಯದು ಇಲ್ಲದ ಮೊದಲನೆಯದು ಅರ್ಧ ಅರ್ಜಿ.

ಮಹಾಡದ ಚರಿತ್ರೆ ಓದಿದವರಿಗೆ ಇದು ಹೊಸದಲ್ಲ. 1923ರಲ್ಲಿ ಮುಂಬೈ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ನಿರ್ಣಯ ಆಯಿತು: ಸಾರ್ವಜನಿಕ ಹಣದ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು. 1924ರಲ್ಲಿ ಮಹಾಡ ಪುರಸಭೆ ಚವದಾರ ಕೆರೆ ತೆರೆದಿದೆ ಅಂತ ಠರಾವು ಮಾಡಿತು. ಕಾಗದ ಸರಿಯಾಗಿತ್ತು, ಕೆರೆ ಮಾತ್ರ ಮುಚ್ಚಿಯೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನ ಕಟ್ಟಿಕೊಂಡು ಹೋಗಿ ನೀರು ಮುಟ್ಟಿದರು. ಆಮೇಲೆ ಅಲ್ಲಿನ ಸವರ್ಣೀಯರು ಆ ಕೆರೆಯನ್ನೂ ಗಂಜಲ ಸುರಿದು ಶುದ್ಧಿ ಮಾಡಿದರು. ಮಹಾಡದಿಂದ ಹೆಗ್ಗೊಠಾರಕ್ಕೆ ತೊಂಬತ್ತೈದು ವರ್ಷ.

ಬಂಡೀಪುರದ ಅಂಚಿನ, ಬಿಳಿಗಿರಿರಂಗನ ಬೆಟ್ಟದ ಹಾಡಿ ಪೋಡುಗಳ ಗೆಳೆಯರಿಗೂ ಒಂದು ಮಾತು. ಕಾಡಿನ ಒಳಗೆ ರಸ್ತೆ ಇಲ್ಲ, ಶಾಲೆ ಇಲ್ಲ ಅಂತ ಕೇಳಿದರೆ ಅರಣ್ಯ ಕಾನೂನು ಬಿಡುವುದಿಲ್ಲ ಅನ್ನುವ ಉತ್ತರ ಸಿದ್ಧವಾಗಿರುತ್ತೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ತೋರಿಸಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ, ಹೀಗೆ ಹದಿಮೂರು ಬಗೆಯ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವನ್ನು, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಕಾಡಿನ ಒಳಗೇ ಸಮುದಾಯದ ಹಕ್ಕುಪತ್ರ ಪಡೆದು ತೋರಿಸಿದವರು.

ಹಾಗಾದರೆ ಅರ್ಜಿ ಹೇಗಿರಬೇಕು? ಸನ್ನಿಧಾನ, ಪಾದಾರವಿಂದ ಎಲ್ಲ ತೆಗೆದುಹಾಕಿ. 'ಮಾನ್ಯರೇ' ಸಾಕು. ಕೇರಿಯಲ್ಲಿ ಎಷ್ಟು ಮನೆ, ಎಷ್ಟು ಜನ, ನಲ್ಲಿ ಎಷ್ಟು, ಇದನ್ನು ನೀವೇ ಬೀದಿ ಸುತ್ತಿ ಎಣಿಸಿ ಬರೆಯಿರಿ. ಎಣಿಸುವಾಗ ಅಕ್ಕತಂಗಿಯರನ್ನು ಮುಂದೆ ಬಿಡಿ, ಕೊಡ ಹೊರುವವರಿಗೆ ದೂರ ಗೊತ್ತು. ಸ್ಮಶಾನ, ನಿವೇಶನ ಅಂದರೆ ಸರ್ವೆ ನಂಬರು ಹಾಕಿ, ಪಹಣಿಯ ಪ್ರತಿ ಲಗತ್ತಿಸಿ. 'ಊರ ಪಡುವಲ ಕಡೆ ಜಾಗ ಐತೆ' ಅಂದರೆ ಕಡತ ಅಲ್ಲಿಗೇ ನಿಲ್ಲುತ್ತೆ. ವಾರ್ಡ್ ಸಭೆಯಲ್ಲಿ ಬಾಯಿಬಿಟ್ಟು ಹೇಳಿ, ನಡಾವಳಿಯಲ್ಲಿ ಬರೆಸಿ, ಬರೆದದ್ದನ್ನು ಓದಿಸಿ. ಅರ್ಜಿಯನ್ನು ಕೈಗೆ ಕೊಡಬೇಡಿ, ಟಪಾಲಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ನಂಬರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮ ಪಂಚಾಯ್ತಿಗೆ ಕಳೆದ ಮೂರು ವರ್ಷದಲ್ಲಿ ಉಪಯೋಜನೆಯಲ್ಲಿ ಬಂದ ಹಣ ಎಷ್ಟು, ಯಾವ ಕೆಲಸಕ್ಕೆ, ಯಾವ ಬೀದಿಯಲ್ಲಿ, ಅಂತ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ಯಾರಾದರೂ ಮನೆ ಹತ್ತಿರ ಬಂದು 'ಯಾಕಪ್ಪ ಓದೋ ಹುಡುಗನಿಗೆ ಇದೆಲ್ಲ' ಅಂದರೆ, ಆ ಪ್ರಶ್ನೆಗೆ ಉತ್ತರ ಇದೆ ಅಂತಲೇ ಅರ್ಥ ಮಾಡಿಕೊಳ್ಳಿ. ಒಬ್ಬರ ಹೆಸರಲ್ಲಿ ಹಾಕಬೇಡಿ, ನಾಲ್ಕು ಜನ ನಾಲ್ಕು ಅರ್ಜಿ ಹಾಕಿ.

ನೀವು ಬರೆದ ಅರ್ಜಿಯ ಒಂದು ಪ್ರತಿ, ಬಂದ ಹಿಂಬರಹದ ಒಂದು ಪ್ರತಿ ಸಭೆಗೆ ಬರುವಾಗ ತನ್ನಿ. ಯಾವ ಕೇರಿಗೆ ಏನು ಉತ್ತರ ಬಂತು ಅಂತ ಮುಂದಿನ ಸಂಚಿಕೆಗಳಲ್ಲಿ ಹಾಕುತ್ತೇವೆ. ಉತ್ತರ ಬಾರದವಕ್ಕೂ ಒಂದು ಪುಟ ಇಟ್ಟಿದ್ದೇವೆ: ಊರಿನ ಹೆಸರು, ಕೇಳಿದ್ದೇನು, ಟಪಾಲಿಗೆ ಕೊಟ್ಟ ದಿನ.