ರಿಪೋರ್ಟ್‌ನ ಕೊನೆಯ ಸಾಲನ್ನೂ ಓದೋಣ



ನಿಮ್ಮ ಮನೆಯ ಡಾಕ್ಟರ ಹೆಸರೇನು ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳುತ್ತೀರಿ. ಹಲ್ಲಿನ ಡಾಕ್ಟರು, ಕಣ್ಣಿನ ಡಾಕ್ಟರು, ಮಕ್ಕಳ ಡಾಕ್ಟರು, ಎಲ್ಲರ ನಂಬರೂ ನಿಮ್ಮ ಫೋನಿನಲ್ಲಿ ಇರುತ್ತದೆ. ಸರಿ, ನಿಮ್ಮ ಪೆಥಾಲಜಿಸ್ಟ್ ಯಾರು?

"ನಮಗೆ ಅಂಥವರು ಯಾರೂ ಇಲ್ಲ" ಎನ್ನುತ್ತೀರಿ. ಆದರೆ ಮನೆಯಲ್ಲಿ ಯಾರಿಗಾದರೂ ಬಯಾಪ್ಸಿ ಆಗಿದ್ದರೆ, ಬಣ್ಣ ಬದಲಾದ ಮಚ್ಚೆಯನ್ನು ತೆಗೆಸಿ ಲ್ಯಾಬಿಗೆ ಕಳಿಸಿದ್ದರೆ, ಅಪೆಂಡಿಕ್ಸ್ ಆಪರೇಷನ್ ಆಗಿದ್ದರೆ, ನಿಮಗೂ ಒಬ್ಬ ಪೆಥಾಲಜಿಸ್ಟ್ ಇದ್ದರು. ಅವರು ನಿಮ್ಮನ್ನು ನೋಡಲಿಲ್ಲ, ನೀವೂ ಅವರನ್ನು ನೋಡಲಿಲ್ಲ. ಅವರ ಹೆಸರು ರಿಪೋರ್ಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು, ಅಷ್ಟೇ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ರಿಪೋರ್ಟ್ ಓದುವಾಗ ಆ ಹೆಸರನ್ನೂ ಓದಬೇಕು. ಹೆಸರಿನ ಮುಂದಿರುವ ಅಕ್ಷರಗಳ ಅರ್ಥ ತಿಳಿದುಕೊಳ್ಳಬೇಕು. ಆ ಡಾಕ್ಟರು ಯಾವ ಪರೀಕ್ಷೆ ಪಾಸಾಗಿದ್ದಾರೆ, ಯಾವ ಸಂಸ್ಥೆಗೆ ಸೇರಿದ್ದಾರೆ, ಅವರ ಲ್ಯಾಬನ್ನು ಯಾರು ಪರಿಶೀಲಿಸುತ್ತಾರೆ ಎಂದು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬರಬೇಕು.

ಮೊದಲು ಅವರ ಕೆಲಸ ಏನೆಂದು ನೋಡೋಣ. ದೇಹದಿಂದ ತೆಗೆದ ಚೂರು ಕೆಡದಂತೆ ಅದನ್ನು ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಆಮೇಲೆ ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಎನ್ನುವ ಯಂತ್ರದಿಂದ ತೆಳ್ಳಗೆ ಕತ್ತರಿಸುತ್ತಾರೆ. ಎಷ್ಟು ತೆಳ್ಳಗೆ ಎಂದರೆ ಸುಮಾರು 5 ಮೈಕ್ರಾನ್. ಅಂಥ 200 ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ! ಪದರವನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಎರಡು ಬಣ್ಣ ಹಾಕಿದರೆ, ಜೀವಕೋಶದ ನ್ಯೂಕ್ಲಿಯಸ್ ನೀಲಿ-ನೇರಳೆಯಾಗಿಯೂ ಸುತ್ತಲಿನ ಭಾಗ ಗುಲಾಬಿಯಾಗಿಯೂ ಕಾಣುತ್ತದೆ. ಇಷ್ಟನ್ನೂ ಹೆಚ್ಚಾಗಿ ಲ್ಯಾಬಿನ ತಂತ್ರಜ್ಞರು ಮಾಡುತ್ತಾರೆ. ಆ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ "ಇದು ಕ್ಯಾನ್ಸರ್", "ಇದು ಅಲ್ಲ", "ಅಂಚಿನವರೆಗೂ ಹಬ್ಬಿದೆ" ಎಂದು ತೀರ್ಮಾನಿಸುವವರು ಪೆಥಾಲಜಿಸ್ಟ್. ಕೆಲವು ಸಲ ರೋಗಿ ಇನ್ನೂ ಆಪರೇಷನ್ ಟೇಬಲ್ ಮೇಲೆ ಇರುವಾಗಲೇ ಚೂರು ಇವರ ಕೈಗೆ ಬರುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಸುಮಾರು 20 ನಿಮಿಷದಲ್ಲಿ ಉತ್ತರ ಹೇಳಬೇಕು. ಸರ್ಜನ್ ಕೈ ಕಟ್ಟಿ ಕಾಯುತ್ತಿರುತ್ತಾರೆ.

ಇಷ್ಟಾದರೂ ನಮ್ಮ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ಯಾರಾದರೂ "ನಾನು ಪೆಥಾಲಜಿಸ್ಟ್" ಎಂದರೆ ಬರುವ ಪ್ರಶ್ನೆ ಏನು ಗೊತ್ತಾ? "ಓ, ಲ್ಯಾಬ್ ಡಾಕ್ಟರಾ? ಪೇಷಂಟ್ ನೋಡಲ್ವಾ?" ನಾನೇ ಕೇಳಿಸಿಕೊಂಡಿದ್ದೇನೆ. ಅಮೆರಿಕದಲ್ಲಿ ಪೆಥಾಲಜಿಸ್ಟ್ ಆಗಲು 4 ವರ್ಷ ಕಾಲೇಜು, 4 ವರ್ಷ ಮೆಡಿಕಲ್ ಸ್ಕೂಲ್, 3 ಅಥವಾ 4 ವರ್ಷ ರೆಸಿಡೆನ್ಸಿ ಬೇಕು. ಆಮೇಲೂ ಬಹಳಷ್ಟು ಜನ ಒಂದೆರಡು ವರ್ಷ ಫೆಲೋಶಿಪ್ ಮಾಡುತ್ತಾರೆ. ಕರ್ನಾಟಕದಲ್ಲಿ ಎಂ.ಡಿ. ಪೆಥಾಲಜಿ ಮುಗಿಸಿ ಬಂದವರು ಕೂಡ ಸಾಮಾನ್ಯವಾಗಿ ಇಲ್ಲಿ ಮತ್ತೆ ರೆಸಿಡೆನ್ಸಿ ಮಾಡಬೇಕು. ಇವರನ್ನು ಅರ್ಧ ಡಾಕ್ಟರು ಎಂದುಕೊಳ್ಳುವುದನ್ನು ನಾವು ಬಿಡಬೇಕು.

ಇದು ಈಗ ಯಾಕೆ ಮುಖ್ಯ? ಏಪ್ರಿಲ್ 2021ರಿಂದ ಈ ದೇಶದಲ್ಲಿ ಒಂದು ನಿಯಮ ಜಾರಿಯಲ್ಲಿದೆ. ರಿಪೋರ್ಟ್ ಸಿದ್ಧವಾದ ಮೇಲೆ ಅದನ್ನು ರೋಗಿಗೆ ಕೊಡಲು ತಡ ಮಾಡುವಂತಿಲ್ಲ. ಹಾಗಾಗಿ ಎಷ್ಟೋ ಸಲ ಡಾಕ್ಟರು ಫೋನ್ ಮಾಡುವ ಮೊದಲೇ ರಿಪೋರ್ಟ್ ನಮ್ಮ ಫೋನಿಗೆ ಬಂದಿರುತ್ತದೆ. ಇದು ಒಳ್ಳೆಯದೇ, ನಮ್ಮ ದೇಹದ ವಿಷಯ ನಮಗೆ ಗೊತ್ತಾಗಬೇಕು. ಆದರೆ ಅದನ್ನು ಮೊದಲು ಓದುವವರು ಯಾರು? ನಮ್ಮಂಥ ಮನೆಗಳಲ್ಲಿ ಹೆಚ್ಚಾಗಿ ಮಕ್ಕಳು.

ಕಳೆದ ವರ್ಷ ನನ್ನ ಅಮ್ಮನ ಥೈರಾಯ್ಡ್ ಗಂಟಿನ ಬಯಾಪ್ಸಿ ರಿಪೋರ್ಟ್ ಒಂದು ಶುಕ್ರವಾರ ಸಂಜೆ ಬಂತು. ಡಾಕ್ಟರು ಸಿಗುವುದು ಸೋಮವಾರ. ರಿಪೋರ್ಟ್‌ನಲ್ಲಿ ಇದ್ದದ್ದು ಕ್ಯಾನ್ಸರ್ ಎಂದೂ ಅಲ್ಲ, ಕ್ಯಾನ್ಸರ್ ಅಲ್ಲ ಎಂದೂ ಅಲ್ಲ. ಕೋಶಗಳು ಸ್ವಲ್ಪ ಬೇರೆ ಥರ ಕಾಣುತ್ತಿವೆ, ಅದರ ಅರ್ಥ ಖಚಿತವಿಲ್ಲ ಎಂದಿತ್ತು. ಥೈರಾಯ್ಡ್ ಬಯಾಪ್ಸಿಯ ಫಲಿತಾಂಶಗಳನ್ನು ಬೆಥೆಸ್ಡಾ ಪದ್ಧತಿಯಲ್ಲಿ ಆರು ವರ್ಗ ಮಾಡುತ್ತಾರೆ. ಅಮ್ಮನದು ಮೂರನೆಯದು, ಸರಿಯಾಗಿ ನಡುವೆ. ದಾವಣಗೆರೆಯಿಂದ ಅಜ್ಜಿ ವಿಡಿಯೋ ಕಾಲ್ ಮಾಡಿ "ಏನಂತೆ ಪುಟ್ಟಿ, ರಿಪೋರ್ಟು?" ಎಂದು ಕೇಳಿದರು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಪಾಸಿಟಿವ್ ಅಂದ್ರೆ ಒಳ್ಳೇದಲ್ವಾ?" ಎಂದೂ ಅಜ್ಜಿ ಕೇಳಿದರು. ಆಸ್ಪತ್ರೆಯ ಭಾಷೆಯಲ್ಲಿ ಪಾಸಿಟಿವ್ ಅಂದರೆ ಹುಡುಕಿದ್ದು ಸಿಕ್ಕಿತು ಎಂದರ್ಥ, ಅದು ಎಷ್ಟೋ ಸಲ ಒಳ್ಳೆಯ ಸುದ್ದಿ ಅಲ್ಲ ಎಂದು ವಿವರಿಸಿದೆ.

ಸೋಮವಾರ ಅಮ್ಮ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದರು: "ಇದೇ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್ ನೋಡಬಹುದಾ?" ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಸ್ಲೈಡುಗಳು ಇನ್ನೊಂದು ಆಸ್ಪತ್ರೆಗೆ, ಥೈರಾಯ್ಡ್ ಕೋಶಗಳನ್ನೇ ಹೆಚ್ಚಾಗಿ ನೋಡುವವರ ಬಳಿಗೆ ಹೋದವು. ಅವರು ಅಪಾಯವಿಲ್ಲದ ಗಂಟು ಎಂದು ಬರೆದರು. ಈಗ ಅಮ್ಮನಿಗೆ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾತ್ರ. ಮೊದಲನೆಯವರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಖಚಿತವಿಲ್ಲದಾಗ "ಖಚಿತವಿಲ್ಲ" ಎಂದು ಬರೆದು ಸಹಿ ಹಾಕುವುದಕ್ಕೂ ಪ್ರಾಮಾಣಿಕತೆ ಬೇಕು. ಆದರೆ ಸ್ಲೈಡ್ ಓದುವುದು ಒಬ್ಬ ಮನುಷ್ಯನ ತೀರ್ಮಾನ, ಯಂತ್ರ ಕೊಡುವ ನಂಬರ್ ಅಲ್ಲ ಎಂದು ನಮಗೆ ಗೊತ್ತಾಯಿತು. ತೀರ್ಮಾನ ಮಾಡುವವರು ಯಾರು ಎಂದು ತಿಳಿದಿರಬೇಕಲ್ಲವೇ?

ಈಗ ಹೆಸರಿನ ಮುಂದಿನ ಅಕ್ಷರಗಳಿಗೆ ಬರೋಣ. ಎಲ್ಲ ಅಕ್ಷರಕ್ಕೂ ಒಂದೇ ತೂಕ ಇಲ್ಲ.

ಮೊದಲನೆಯದು ಲೈಸೆನ್ಸ್. ಅದನ್ನು ಕೊಡುವುದು ರಾಜ್ಯದ ಮೆಡಿಕಲ್ ಬೋರ್ಡ್. ಅದಿಲ್ಲದೆ ಡಾಕ್ಟರಾಗಿ ಕೆಲಸ ಮಾಡುವಂತಿಲ್ಲ.

ಎರಡನೆಯದು ಬೋರ್ಡ್ ಸರ್ಟಿಫಿಕೇಷನ್. 1936ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ಪೆಥಾಲಜಿ ಇದರ ಪರೀಕ್ಷೆ ನಡೆಸುತ್ತದೆ. ಒಬ್ಬ ಡಾಕ್ಟರು ಈ ಪರೀಕ್ಷೆ ಪಾಸಾಗಿದ್ದಾರೆಯೇ ಎಂದು ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್‌ನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ರೆಸ್ಟೋರೆಂಟ್‌ಗೆ ಹೋಗುವ ಮೊದಲು ರಿವ್ಯೂ ಓದುವ ನಾವು ಇದನ್ನು ನೋಡಿಯೇ ಇರುವುದಿಲ್ಲ.

ಮೂರನೆಯದು ಸದಸ್ಯತ್ವ. ಉದಾಹರಣೆಗೆ, ಎಫ್‌ಸಿಎಪಿ ಎಂದಿದ್ದರೆ 1946ರಲ್ಲಿ ಹುಟ್ಟಿದ ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್‌ನ ಫೆಲೋ ಎಂದರ್ಥ. ಇಂಥ ಸಂಸ್ಥೆಗಳಿಗೆ ಸೇರಿದವರಿಗೆ ಹೊಸ ವಿಷಯ ಕಲಿಯಲು, ಕಷ್ಟದ ಕೇಸುಗಳ ಬಗ್ಗೆ ಚರ್ಚಿಸಲು ದಾರಿ ಇರುತ್ತದೆ. ಆದರೆ ಕೆಲವು ಸಂಘಗಳಿಗೆ ಸೇರಲು ಚಂದಾ ಕಟ್ಟಿದರೆ ಸಾಕು ಎನ್ನುವುದೂ ನೆನಪಿರಲಿ. ಉದ್ದ ಬಾಲ ಇದ್ದ ಮಾತ್ರಕ್ಕೆ ಹೆಸರು ದೊಡ್ಡದಾಗುವುದಿಲ್ಲ.

ಡಾಕ್ಟರ ಜೊತೆಗೆ ಲ್ಯಾಬ್ ಕೂಡ ಮುಖ್ಯ. 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಪ್ಯಾಪ್ ಟೆಸ್ಟ್ ಮಾಡುವ ಕೆಲವು ಲ್ಯಾಬುಗಳ ಕಥೆ ಹೊರಗೆ ತಂದಿತು. ಅಲ್ಲಿ ಸ್ಲೈಡ್ ನೋಡುವವರಿಗೆ ಸ್ಲೈಡಿಗೆ ಇಷ್ಟು ಎಂದು ಕೂಲಿ. ಹೆಚ್ಚು ನೋಡಿದಷ್ಟೂ ಹೆಚ್ಚು ದುಡ್ಡು. ಅವಸರದಲ್ಲಿ ಕ್ಯಾನ್ಸರ್ ಕೋಶಗಳು ಕಣ್ಣು ತಪ್ಪಿದವು, ಹೆಂಗಸರು ಪ್ರಾಣ ಕಳೆದುಕೊಂಡರು. ಮರುವರ್ಷ, 1988ರಲ್ಲಿ, ಅಮೆರಿಕದ ಸಂಸತ್ತು ಕ್ಲಿಯಾ ಎನ್ನುವ ಕಾನೂನು ಮಾಡಿತು. ಈಗ ಅಂಥ ಸ್ಲೈಡ್‌ಗಳನ್ನು ಒಬ್ಬರು ದಿನಕ್ಕೆ 100ಕ್ಕಿಂತ ಹೆಚ್ಚು ನೋಡುವಂತಿಲ್ಲ. ಎಷ್ಟೋ ಲ್ಯಾಬುಗಳು ಇದರ ಮೇಲೆ ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್‌ನಂಥ ಸಂಸ್ಥೆಗಳ ಮಾನ್ಯತೆಯನ್ನೂ ಪಡೆಯುತ್ತವೆ. ಎರಡು ವರ್ಷಕ್ಕೊಮ್ಮೆ ಬೇರೆ ಲ್ಯಾಬಿನವರು ಬಂದು ಪರಿಶೀಲಿಸುತ್ತಾರೆ. ಉತ್ತರ ಹೇಳದೆ ಸ್ಯಾಂಪಲ್ ಕಳಿಸಿ, ಲ್ಯಾಬ್ ಸರಿಯಾಗಿ ಪತ್ತೆ ಮಾಡಿತೇ ಎಂದೂ ನೋಡುತ್ತಾರೆ. ಗೆಳೆಯರೇ, ಪರೀಕ್ಷೆ ನಮಗೆ ಮಾತ್ರ ಅಲ್ಲ!

ಊರಿನಲ್ಲಿರುವ ಅಜ್ಜ-ಅಜ್ಜಿಯರಿಗೂ ಇದು ಅನ್ವಯಿಸುತ್ತದೆ. ಭಾರತದಲ್ಲಿ ಲ್ಯಾಬ್ ರಿಪೋರ್ಟ್‌ಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ, ನೋಂದಾಯಿತ ವೈದ್ಯರ ಸಹಿ ಇರಬೇಕು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ಡಿಸೆಂಬರ್ 2017ರಲ್ಲಿ ಎತ್ತಿಹಿಡಿದಿದೆ. ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದೂ ನೋಡಬಹುದು. ಅಜ್ಜಿ ವಾಟ್ಸಾಪ್‌ನಲ್ಲಿ ರಿಪೋರ್ಟ್ ಕಳಿಸಿದಾಗ ನಾವು ನಂಬರುಗಳನ್ನು ಮಾತ್ರ ದೊಡ್ಡದು ಮಾಡಿ ನೋಡುತ್ತೇವೆ. ಕೆಳಗಿನ ಸಹಿಯನ್ನೂ ದೊಡ್ಡದು ಮಾಡಿ ನೋಡಿ.

ಡಾಕ್ಟರು ಯಾರ ಜೊತೆ ಸೇರಿದ್ದಾರೆ ಎನ್ನುವ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ನಮ್ಮ ಹೈಸ್ಕೂಲುಗಳಲ್ಲಿ ಫುಟ್ಬಾಲ್ ಆಡುವವರು ಇದನ್ನು ಓದಲೇಬೇಕು. 2002ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರ 50ನೇ ವಯಸ್ಸಿನಲ್ಲಿ ತೀರಿಕೊಂಡರು. ಕೌಂಟಿಯ ಕಚೇರಿಯಲ್ಲಿ ಅವರ ಶವಪರೀಕ್ಷೆ ಮಾಡಿದ್ದು ಬೆನೆಟ್ ಒಮಾಲು, ನೈಜೀರಿಯಾದಿಂದ ವಲಸೆ ಬಂದ ಪೆಥಾಲಜಿಸ್ಟ್. ಹೊರಗಿನಿಂದ ಮೆದುಳು ಸರಿಯಾಗಿಯೇ ಕಂಡರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಸ್ಲೈಡ್ ಮಾಡಿಸಿ ನೋಡಿದಾಗ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ರೋಗದ ಗುರುತು ಕಂಡಿತು. 2005ರಲ್ಲಿ ಅವರು ಅದನ್ನು ಪ್ರಕಟಿಸಿದಾಗ, ಲೇಖನ ವಾಪಸ್ ತೆಗೆಯಿರಿ ಎಂದು ಪತ್ರ ಬರೆದವರೂ ಡಾಕ್ಟರುಗಳೇ. ಆದರೆ ಅವರು ಎನ್‌ಎಫ್‌ಎಲ್‌ನ ಸಮಿತಿಯಲ್ಲಿದ್ದ ಡಾಕ್ಟರುಗಳು. ಲೇಖನವನ್ನು ವಾಪಸ್ ತೆಗೆಯಲಿಲ್ಲ. 2016ರಲ್ಲಿ ಎನ್‌ಎಫ್‌ಎಲ್‌ನ ಅಧಿಕಾರಿಯೊಬ್ಬರೇ ಫುಟ್ಬಾಲ್‌ಗೂ ಆ ರೋಗಕ್ಕೂ ಸಂಬಂಧ ಇದೆ ಎಂದು ಒಪ್ಪಿಕೊಂಡರು. ಎರಡೂ ಕಡೆ ದೊಡ್ಡ ಡಿಗ್ರಿಗಳಿದ್ದವು. ಯಾರು ಯಾರ ಪರವಾಗಿ ಕೂತಿದ್ದರು ಎಂದು ಕೇಳಿದಾಗಲೇ ಚಿತ್ರ ಸ್ಪಷ್ಟವಾಗುವುದು. ಹಾಗಾಗಿ ಸದಸ್ಯತ್ವವನ್ನು ನೋಡಿ ಗೌರವಿಸಬೇಕು, ಜೊತೆಗೆ ಅದನ್ನು ಪ್ರಶ್ನಿಸಲೂಬೇಕು.

ಕೆಲವು ಹಿರಿಯರು ಹೇಳಬಹುದು: "ಡಾಕ್ಟರನ್ನು ದೇವರು ಅನ್ನೋರು ನಾವು. ನಿಮ್ಮ ಸರ್ಟಿಫಿಕೇಟ್ ತೋರಿಸಿ ಅಂತ ಕೇಳೋದು ಚೆನ್ನಾಗಿರುತ್ತಾ?" ನನಗೆ ಅದು ಅಗೌರವ ಅನ್ನಿಸುವುದಿಲ್ಲ. ಇವೆಲ್ಲ ಗುಟ್ಟಿನ ಮಾಹಿತಿ ಅಲ್ಲ, ಜನ ನೋಡಲೆಂದೇ ಇಟ್ಟಿರುವುದು. ಇಷ್ಟು ವರ್ಷ ಓದಿ ಪರೀಕ್ಷೆ ಪಾಸಾದವರಿಗೆ, ಯಾರೋ ತಮ್ಮ ಹೆಸರು ಓದಿದರಲ್ಲ ಎಂದು ಖುಷಿಯೇ ಆಗಬಹುದು. "ನೋಡಿದರೂ ನಮಗೆ ಅರ್ಥ ಆಗಲ್ಲ" ಎನ್ನುವವರಿಗೆ ನನ್ನ ಉತ್ತರ: ಸ್ಲೈಡ್ ಓದಲು ನಮಗೆ ಬರುವುದಿಲ್ಲ, ನಿಜ. ಹೆಸರು ಓದಲು ಬರುತ್ತದೆ.

ಆದ್ದರಿಂದ ಅಪ್ಪ-ಅಮ್ಮಂದಿರೇ, ಮುಂದಿನ ಸಲ ಮನೆಗೆ ಬಯಾಪ್ಸಿ ರಿಪೋರ್ಟ್ ಬಂದಾಗ ಮೂರು ಪ್ರಶ್ನೆ ಕೇಳಿ. ಇದಕ್ಕೆ ಸಹಿ ಹಾಕಿದವರು ಬೋರ್ಡ್ ಸರ್ಟಿಫೈಡ್ ಪೆಥಾಲಜಿಸ್ಟ್ ಹೌದಾ? ಈ ಲ್ಯಾಬಿಗೆ ಯಾರ ಮಾನ್ಯತೆ ಇದೆ? ರೋಗ ಅಪರೂಪದ್ದಾದರೆ, ಅಥವಾ ಉತ್ತರ ಖಚಿತವಿಲ್ಲದಿದ್ದರೆ, ಇನ್ನೊಬ್ಬರು ಈ ಸ್ಲೈಡ್ ನೋಡಬಹುದಾ? ವಾರಾಂತ್ಯದಲ್ಲಿ ಗೂಗಲ್ ಮಾಡಿ ಹೆದರುವುದಕ್ಕಿಂತ ಈ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಡಾಕ್ಟರನ್ನು ಕೇಳುವುದು ಒಳ್ಳೆಯದು. ಮಕ್ಕಳ ಕೈಗೆ ಫೋನ್ ಕೊಟ್ಟು ಓದಿಸುವುದಾದರೆ, ದಯವಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಒಬ್ಬರೇ ಓದುವುದು ನಮಗೂ ಭಯವೇ.

ಗೆಳೆಯರೇ, ನಿಮಗೂ ಒಂದು ಮಾತು. ಅಜ್ಜಿಗೆ ರಿಪೋರ್ಟ್ ಓದಿ ಹೇಳುವ ಕೆಲಸ ಒಂದಲ್ಲ ಒಂದು ದಿನ ನಿಮಗೂ ಬರುತ್ತದೆ. ಗಂಟು, ಜೀವಕೋಶ, ಅಪಾಯವಿಲ್ಲದ್ದು, ಖಚಿತವಿಲ್ಲ, ಇಂಥ ಹತ್ತು ಕನ್ನಡ ಪದಗಳನ್ನು ಈಗಲೇ ಕಲಿತಿಟ್ಟುಕೊಳ್ಳಿ. ಶನಿವಾರದ ಕನ್ನಡ ತರಗತಿ ಯಾವುದಕ್ಕೆ ಉಪಯೋಗ ಎಂದು ಕೇಳುವವರಿಗೆ ಇದೂ ಒಂದು ಉತ್ತರ. ಬಯಾಲಜಿ ಇಷ್ಟ, ಆದರೆ ದಿನವಿಡೀ ಮಾತಾಡುತ್ತಾ ಇರುವುದು ಕಷ್ಟ ಎನ್ನುವವರು ನಿಮ್ಮಲ್ಲಿ ಇದ್ದರೆ, ಮುಂದಿನ ಹಬ್ಬದ ಊಟದಲ್ಲಿ ಆ "ಲ್ಯಾಬ್ ಡಾಕ್ಟರ್" ಆಂಟಿಯನ್ನೋ ಅಂಕಲ್‌ನ್ನೋ ಹುಡುಕಿ ಪಕ್ಕದಲ್ಲಿ ಕೂತು ಅವರ ಕೆಲಸದ ಬಗ್ಗೆ ಕೇಳಿ. ನಾನಂತೂ ಕೇಳುವವಳಿದ್ದೇನೆ.